ನಮ್ಮನೆಯ ಜಿರಳೆ

ಬೀಗರು ಮೂರನೆಯ ಸಲ ತಟ್ಟೆ ತುಂಬಿಸಿಕೊಂಡು ಬಂದು ಕೂತಾಗ ಡಬ್ಬಿಯಮ್ಮ ಮುಖ ತಿರುಗಿಸಿಕೊಂಡಳು. ಮುಖ ತಿರುಗಿಸಿದರೂ ಸದ್ದು ಕಿವಿಗೆ ಬೀಳುತ್ತಲೇ ಇತ್ತು. ಬೀಗರು ಮೊಟ್ಟೆಯನ್ನು ಕಚ್ಚುವವರಲ್ಲ, ಹೀರುವವರು. ಹಳದಿ ಗಲ್ಲದ ಮೇಲೆ ಇಳಿದರೆ ಬೆರಳಿನಿಂದ ಬಾಚಿ ಮತ್ತೆ ಬಾಯಿಗೇ ಹಾಕಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಬೀಗಿತ್ತಿ ಬ್ರೆಡ್ಡನ್ನೂ ಬೆಣ್ಣೆಯ ಪುಟ್ಟ ಪೊಟ್ಟಣಗಳನ್ನೂ ಹೋಟೆಲಿನ ಬಿಳಿ ಕರವಸ್ತ್ರದಲ್ಲಿ ಸುತ್ತಿ ತನ್ನ ಕೈಚೀಲಕ್ಕೆ ಇಳಿಸುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಯಾರೂ ನೋಡುತ್ತಿಲ್ಲವೆಂದು ಅವಳ ಎಣಿಕೆ.

ಊಟದ ಕೋಣೆ ನೆಲಮಾಳಿಗೆಯಲ್ಲಿತ್ತು. ಸುತ್ತ ಕೋಟೆ ಕಟ್ಟಿಕೊಂಡ ಈ ಹಳೆಯ ಊರಿನಲ್ಲಿ ಒಂದು ಕಾಲಕ್ಕೆ ಈ ಹೋಟೆಲು ದೊರೆಯ ಅರಮನೆ. ಈಗ ಎಲ್ಲರೂ ಕೂತು ತಿನ್ನುತ್ತಿದ್ದ ಜಾಗ ಅವನ ಸೆರೆಮನೆ. ಸರಪಳಿ ಬಿಗಿಯುತ್ತಿದ್ದ ಕಬ್ಬಿಣದ ಬಳೆಗಳು ಗೋಡೆಯಲ್ಲಿ ಹಾಗೆಯೇ ಇದ್ದವು. ಅವಕ್ಕೆ ಎಣ್ಣೆ ಹಚ್ಚಿ ಹೊಳಪು ಬರಿಸಿ, ಒಂದೊಂದರಲ್ಲೂ ಹೂವಿನ ಗೊಂಚಲು ಸಿಕ್ಕಿಸಿದ್ದರು. ಇಲ್ಲಿ ಹಸಿವಿನಿಂದ ಎಷ್ಟು ಜನ ಸತ್ತರು ಎಂಬುದನ್ನು ತಿಂಡಿಯ ಪಟ್ಟಿಯ ಹಿಂಬದಿಯಲ್ಲಿ ಅಂದವಾದ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ್ದರು. ಜನ ಅದನ್ನು ಓದಿ, ಅಯ್ಯೋ ಪಾಪ ಎಂದು, ಬ್ರೆಡ್ಡಿಗೆ ಇನ್ನಷ್ಟು ಬೆಣ್ಣೆ ಸವರಿಕೊಳ್ಳುತ್ತಿದ್ದರು.

ಡಬ್ಬಿಯಮ್ಮ ಆಫೀಸುಗಳಿಗೆ ಮಧ್ಯಾಹ್ನದ ಊಟದ ಡಬ್ಬಿ ಕಳಿಸುವವಳು. ಆ ಹೆಸರು ಇಟ್ಟವರೂ ಆಫೀಸಿನವರೇ. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ. ಇಷ್ಟು ವರ್ಷಗಳಲ್ಲಿ ಅವಳ ಡಬ್ಬಿಯಲ್ಲಿ ಒಂದು ಕೂದಲು ಕಂಡವರಿಲ್ಲ. ಪಾತ್ರೆಯನ್ನು ತೊಳೆದ ಮೇಲೆ ಮೂಸಿ ನೋಡುತ್ತಾಳೆ, ಮೂಸಿ ಮತ್ತೆ ತೊಳೆಯುತ್ತಾಳೆ. ಆ ದುಡಿಮೆಯಲ್ಲೇ ಓದಿ ಕೆಲಸ ಹಿಡಿದ ಒಬ್ಬಳೇ ಮಗಳು ಪುಟ್ಟಿ, ತನ್ನ ಆಫೀಸಿನ ಹುಡುಗನನ್ನೇ ಮೆಚ್ಚಿಕೊಂಡಿದ್ದಳು. ಮಾತುಕತೆ ಮುಗಿದು, ಮುಂದಿನ ತಿಂಗಳು ಮದುವೆ. ಎರಡೂ ಮನೆಯವರು ಎರಡು ದಿನ ಜೊತೆಗೆ ಇದ್ದು ಬರೋಣ, ಖರ್ಚೆಲ್ಲ ನಮ್ಮದು ಎಂದು ಬೀಗರೇ ಈ ಹೋಟೆಲಿಗೆ ಕರೆತಂದಿದ್ದರು. ಇಷ್ಟು ದೊಡ್ಡ ಮನಸ್ಸಿನವರು ಸಿಕ್ಕಿದರಲ್ಲ ಎಂದು ಡಬ್ಬಿಯಮ್ಮ ಬಸ್ಸಿನಲ್ಲಿ ಕೂತು ಕಣ್ಣೊರೆಸಿಕೊಂಡಿದ್ದಳು. ಬರಿಗೈಯಲ್ಲಿ ಬರಬಾರದೆಂದು ಎರಡು ಡಬ್ಬಿ ಸಿಹಿ ಮಾಡಿ ತಂದಿದ್ದಳು. ನಿನ್ನೆ ಸಂಜೆ ಬೀಗರ ಕೋಣೆಯ ಹಾಸಿಗೆಯ ಮೇಲೆ ಚೀಲ ಬಿಚ್ಚಿ ಇಟ್ಟ ಕೂಡಲೇ ಅವು ಖಾಲಿಯಾಗಿದ್ದವು.

"ನನ್ನ ಶಾಲು ಮೇಲೇ ಮರೆತೆ. ಸ್ವಲ್ಪ ತಂದ್ಕೊಡ್ತೀರಾ? ನನಗೆ ಮೊಣಕಾಲು," ಎಂದಳು ಬೀಗಿತ್ತಿ. ಬೀಗರು ಆಗಲೇ ಬಾಯಿ ಒರೆಸಿಕೊಂಡು ಎದ್ದು ಹೋಗಿದ್ದರು. ಪುಟ್ಟಿ ಮತ್ತು ಹುಡುಗ ಕೋಟೆ ಗೋಡೆಯ ಮೇಲೆ ಸುತ್ತಾಡಿ ಬರಲು ಹೊರಟಿದ್ದರು.

ಮೊಣಕಾಲು ಡಬ್ಬಿಯಮ್ಮನಿಗೂ ಇತ್ತು, ಅದಕ್ಕೂ ನೋವಿತ್ತು. ಆದರೂ ಹೆಣ್ಣಿನ ಕಡೆಯವಳಲ್ಲವೇ, ಎದ್ದಳು. ಸವೆದ ಕಲ್ಲಿನ ಮೆಟ್ಟಿಲು ಹತ್ತಿ ಹೋದರೆ ಬೀಗರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವರು ಹಾಸಿಗೆಯ ಮೇಲೆ ಬಗ್ಗಿದ್ದರು. ಕೈಯಲ್ಲಿ ಮಾತ್ರೆಯ ಪುಟ್ಟ ಶೀಸೆ. ಅದನ್ನು ಬೋರಲು ಹಿಡಿದು ಮೆಲ್ಲಗೆ ತಟ್ಟಿದರು. ಬಿಳಿ ದಿಂಬಿನ ಮೇಲೆ ಒಂದು ದೊಡ್ಡ ಜಿರಳೆ ಬಿತ್ತು.

ಸತ್ತ ಜಿರಳೆ. ಸತ್ತು ಎಷ್ಟೋ ದಿನವಾಗಿ ಒಣಗಿದ್ದು. ಬೀಗರು ಹಲ್ಲುಕಡ್ಡಿಯಿಂದ ಅದನ್ನು ದಿಂಬಿನ ನಡುವಿಗೆ ಸರಿಸಿದರು. ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ಸಮಾಧಾನವಾಗದೆ ಮತ್ತೆ ಹತ್ತಿರ ಬಂದು ಅದರ ಮೀಸೆಯೊಂದನ್ನು ನೆಟ್ಟಗೆ ಮಾಡಿದರು. ತನ್ನ ಜೀವಮಾನದಲ್ಲಿ ಇಷ್ಟು ಶ್ರದ್ಧೆಯಿಂದ ಕೆಲಸ ಮಾಡುವ ಗಂಡಸನ್ನು ಡಬ್ಬಿಯಮ್ಮ ನೋಡಿರಲಿಲ್ಲ. ಆಮೇಲೆ ಅದೇ ಹಲ್ಲುಕಡ್ಡಿಯನ್ನು ಬೀಗರು ಬಾಯಿಗೆ ಇಟ್ಟುಕೊಂಡರು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಶಾಲು ಹೋಗಲಿ ಎಂದು ಸದ್ದಿಲ್ಲದೆ ಹಿಂದಿರುಗಿದಳು.

ಕೋಟೆ ಗೋಡೆಯ ಮೇಲೆ ಹುಡುಗ ತನ್ನದೇ ಫೋಟೋ ತೆಗೆದುಕೊಳ್ಳುತ್ತಾ ದೂರದಲ್ಲಿ ನಿಂತಿದ್ದ. ಡಬ್ಬಿಯಮ್ಮ ಮಗಳ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ಪುಟ್ಟಿ, ನಿನ್ನ ಮಾವನವರು ಮೇಲೆ ರೂಮಲ್ಲಿ..."

"ಜಿರಳೆ ತಾನೆ? ಗೊತ್ತಮ್ಮ."

"ಗೊತ್ತಾ?"

"ಇವರೇ ಹೇಳಿದ್ರು. ಹೋದ ಕಡೆಯೆಲ್ಲ ಅವರು ಹಾಗೇ ಮಾಡೋದಂತೆ. ಗಲಾಟೆ ಮಾಡಿದ್ರೆ ಹೋಟ್ಲಿನವರು ಹೆದರ್ಕೊಂಡು ಬಾಡಿಗೆ ಬಿಟ್ಟುಬಿಡ್ತಾರೆ. ಇವರ ಮನೇಲಿ ಅದೊಂದು ತಮಾಷೆ. ಚಿಕ್ಕವರಿದ್ದಾಗ ಜಿರಳೆ ಹಿಡಿದುಕೊಡೋ ಕೆಲಸ ಇವರದೇ ಅಂತೆ. ಕಾಲು ಮುರೀದ ಹಾಗೆ ಹಿಡೀಬೇಕಂತೆ," ಎಂದು ಪುಟ್ಟಿ ನಕ್ಕಳು.

"ಖರ್ಚೆಲ್ಲ ನಮ್ಮದು ಅಂದಿದ್ದು ಇದಕ್ಕಾ? ನೀನೇನಂದೆ?"

"ನಕ್ಕೆ. ಇನ್ನೇನು ಮಾಡ್ಲಿ? ಈ ಹೋಟ್ಲು ಅದರಿಂದ ಮುಳುಗಿ ಹೋಗುತ್ತಾ? ಒಂದು ಕಪ್ ಕಾಫಿಗೆ ಎಷ್ಟು ಹಾಕಿದಾರೆ ನೋಡಿದ್ಯಾ? ಅವರು ಕಳ್ಳರಲ್ವಾ?"

"ಅವರು ಕಳ್ಳರು ಅಂತ ನಾವೂ ಆಗ್ಬೇಕಾ? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಕಣೇ."

"ಶುರುವಾಯ್ತು ನಿಂದು! ಎಲ್ಲದಕ್ಕೂ ಮೂಗು ಮುರೀಬೇಡಮ್ಮ. ನಿನ್ನ ಚೊಕ್ಕಟವೆಲ್ಲ ನಿನ್ನ ಅಡುಗೆಮನೇಲಿರಲಿ. ನನ್ನ ಮದುವೆ ಕೆಡಿಸಬೇಡ, ಅಷ್ಟೇ."

ಮಗಳ ದನಿಯಲ್ಲಿ ಕೋಪವಿದ್ದರೆ ಡಬ್ಬಿಯಮ್ಮ ತಡೆದುಕೊಳ್ಳುತ್ತಿದ್ದಳು. ಕೋಪವಿರಲಿಲ್ಲ, ಬೇಸರವಿತ್ತು, ಅರ್ಥವಾಗದವರಿಗೆ ವಿವರಿಸಬೇಕಾದಾಗ ಬರುವಂಥದ್ದು. ಅಷ್ಟರಲ್ಲಿ ಕೆಳಗಿನಿಂದ ಬೀಗಿತ್ತಿಯ ಚೀತ್ಕಾರ ಕೇಳಿಸಿತು. ಹುಡುಗ ಫೋನು ಜೇಬಿಗೆ ಹಾಕಿಕೊಂಡು, "ಬನ್ನಿ ಬನ್ನಿ, ಶೋ ಶುರು," ಎಂದು ಓಡಿದ.

ಅವರು ಹೋಗಿ ನೋಡುವಾಗ ಕೋಣೆಯಲ್ಲಿ ಬೀಗಿತ್ತಿ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು, ಮೊಣಕಾಲು ನೋವಿನ ಸುದ್ದಿಯೇ ಇರಲಿಲ್ಲ. ಬೀಗರು ಎದೆ ಹಿಡಿದುಕೊಂಡು ಮಂಚದ ತುದಿಯಲ್ಲಿ ಕೂತಿದ್ದರು. ಕೋಟು ತೊಟ್ಟ ಮ್ಯಾನೇಜರ್ ಕೈ ಕೈ ಹಿಸುಕುತ್ತಿದ್ದ. ಬಾಗಿಲ ಬಳಿ, ಕೋಣೆಗಳನ್ನು ಗುಡಿಸಿ ಒರೆಸುವ ಹೆಂಗಸು ಗೋಡೆಗಂಟಿ ನಿಂತಿದ್ದಳು. ಅವಳನ್ನು ಡಬ್ಬಿಯಮ್ಮ ಬಲ್ಲಳು. ನಿನ್ನೆ ತಾನು ಸ್ನಾನದ ತೊಟ್ಟಿಯನ್ನು ಉಜ್ಜುತ್ತಾ ಕೂತಿದ್ದಾಗ ಒಳಗೆ ಬಂದವಳು, "ಅದನ್ನೂ ನೀವೇ ಮಾಡಿದ್ರೆ ನನ್ನ ಸಂಬಳಾನೂ ನೀವೇ ತಗೊಂಡ್ಬಿಡಿ ಅಮ್ಮ," ಎಂದು ನಗಿಸಿದ್ದಳು. ಈಗ ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ದುಡ್ಡು ಮುಖ್ಯ ಅಲ್ಲ ಕಣ್ರೀ, ಆರೋಗ್ಯ," ಎಂದು ಬೀಗರು ನರಳಿದರು. "ಮದುವೆ ಇಟ್ಕೊಂಡಿರೋ ಮನೆ ನಮ್ಮದು. ನಾಳೆ ಏನಾದ್ರೂ ಹೆಚ್ಚು ಕಮ್ಮಿ ಆದ್ರೆ?"

"ಬಾಡಿಗೆ ಬೇಡ ಸರ್, ಬಿಟ್ಟುಬಿಡ್ತೀವಿ," ಎಂದ ಮ್ಯಾನೇಜರ್. "ಆದ್ರೆ ನಾನು ಮೇಲಿನವರಿಗೆ ಕಾರಣ ಹೇಳಬೇಕಾಗುತ್ತೆ. ಈ ರೂಮು ಇವಳದು. ಬೆಳಿಗ್ಗೆ ಹಾಸಿಗೆ ಕೊಡವಿ ಹಾಸಿದೀನಿ, ಏನೂ ಇರ್ಲಿಲ್ಲ ಅಂತಾಳೆ. ನಿಮ್ಮಲ್ಲಿ ಯಾರಾದ್ರೂ ಇದಕ್ಕೆ ಮುಂಚೆ ನೋಡಿದ್ರಾ?"

ಬೀಗರು ತಲೆ ಎತ್ತಿ ಪುಟ್ಟಿಯ ಕಡೆ ನೋಡಿದರು. ಹುಡುಗನೂ ನೋಡಿದ. ಪರೀಕ್ಷೆಯ ಕೊಠಡಿಯಲ್ಲಿ ಉತ್ತರ ಗೊತ್ತಿರುವ ಮಗುವನ್ನು ನೋಡುವ ಹಾಗೆ, ಪ್ರೀತಿಯಿಂದಲೇ ನೋಡಿದರು.

"ಹೂಂ, ನಾನು ನೋಡಿದ್ದೆ," ಎಂದಳು ಪುಟ್ಟಿ. "ನಿನ್ನೆ ಬಾತ್‌ರೂಮಲ್ಲಿ. ಎರಡಿತ್ತು."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಇವರಿಗೇ ಹೇಳಿದೆ. ಹಳೇ ಕಟ್ಟಡ, ಇರುತ್ತೆ ಬಿಡಿ ಅಂತ ನಕ್ಕೊಂಡು ಹೋದ್ರು," ಎಂದು ಆ ಹೆಂಗಸಿನ ಕಡೆ ಬೆರಳು ತೋರಿಸಿದಳು. ಮಾತು ಎಲ್ಲೂ ತಡವರಿಸಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ಹೊಸೆದದ್ದು. ಬೀಗರ ಮುಖದಲ್ಲಿ ಮೆಚ್ಚುಗೆ ಅರಳಿತು. ಡಬ್ಬಿಯಮ್ಮನಿಗೆ ಹೇಸಿಗೆಯಾಯಿತು. ಬೀಗರು ಹಲ್ಲುಕಡ್ಡಿ ಬಾಯಿಗಿಟ್ಟಾಗ ಆದದ್ದು ಇದರ ಮುಂದೆ ಏನೂ ಅಲ್ಲ. ತಾನು ಹೆತ್ತು, ಮೀಯಿಸಿ, ತಲೆ ಬಾಚಿ ಬೆಳೆಸಿದ ಮೈ ಇದು. ಅದನ್ನು ಮುಟ್ಟಲು ಆ ಗಳಿಗೆಯಲ್ಲಿ ಅವಳಿಗೆ ಮನಸ್ಸಾಗುತ್ತಿರಲಿಲ್ಲ.

"ನನಗೆ ಯಾರೂ ಹೇಳಿಲ್ಲ ಸರ್. ದೇವರಾಣೆಗೂ ಹೇಳಿಲ್ಲ," ಎಂದಳು ಹೆಂಗಸು.

"ಏಪ್ರನ್ ಬಿಚ್ಚಿಡು. ಆಫೀಸ್ ಹತ್ರ ಬಾ," ಎಂದ ಮ್ಯಾನೇಜರ್.

ಹೆಂಗಸು ಬೆನ್ನ ಹಿಂದೆ ಕೈ ಹಾಕಿ ಗಂಟು ಬಿಚ್ಚತೊಡಗಿದಳು. ಎಳೆದಷ್ಟೂ ಗಂಟು ಇನ್ನಷ್ಟು ಬಿಗಿಯಾಯಿತು. ಡಬ್ಬಿಯಮ್ಮ ನಿಜವನ್ನು ಹೇಳಲೆಂದೇ ಬಾಯಿ ತೆರೆದಳು. ಶೀಸೆ ಬೀಗರ ಜೇಬಿನಲ್ಲೇ ಇತ್ತು, ಅದರ ಉಬ್ಬು ಕಾಣುತ್ತಿತ್ತು. ಆದರೆ ಬಾಯಿ ತೆರೆದಾಗ ಎದುರಿಗೆ ಕಂಡದ್ದು ಪುಟ್ಟಿಯ ಮುಖ. ಹಣೆಯ ಮೇಲೆ ಬೆವರು ಮೂಡಿತ್ತು. ನಿಜ ಹೇಳಿದರೆ ಮೊದಲು ಸಿಕ್ಕಿಬೀಳುವವಳು ಅವಳೇ, ಇಷ್ಟು ಜನರ ಮುಂದೆ.

"ಅದು ನಮ್ಮನೇದು," ಎಂದಳು ಡಬ್ಬಿಯಮ್ಮ.

ಎಲ್ಲರೂ ತಿರುಗಿದರು.

"ಜಿರಳೆ. ನಮ್ಮನೇದು. ನಿನ್ನೆ ಸಂಜೆ ನನ್ನ ಚೀಲ ಈ ಹಾಸಿಗೆ ಮೇಲೇ ಇಟ್ಟಿದ್ದೆ, ಆ ದಿಂಬಿನ ಹತ್ರಾನೇ. ಡಬ್ಬಿ ಜೊತೆ ಬಂದು ಹೊದಿಕೆ ಸಂದೀಲಿ ಸೇರ್ಕೊಂಡಿರ್ಬೇಕು. ದಿನವಿಡೀ ಅಡುಗೆ ಮಾಡೋ ಮನೆ ಅಲ್ವಾ, ನಮ್ಮಲ್ಲಿ ಇದಾವೆ. ತುಂಬಾ ಇದಾವೆ."

"ಮತ್ತೆ ಇವರು ಬಾತ್‌ರೂಮಲ್ಲಿ ನೋಡಿದೆ ಅಂದ್ರಲ್ಲ?" ಎಂದ ಮ್ಯಾನೇಜರ್.

"ನನ್ನ ಮಾನ ಉಳಿಸೋಕೆ ಅಂದ್ಲು ಪಾಪ. ಮಗಳಲ್ವಾ? ತಾಯಿ ಚೀಲದಿಂದ ಬಂತು ಅಂತ ಬೀಗರ ಮುಂದೆ ಹೇಗೆ ಹೇಳ್ತಾಳೆ? ಆ ಅಮ್ಮನದು ಏನೂ ತಪ್ಪಿಲ್ಲ, ಬಿಡಿ."

ಅವಳು ಮುಂದೆ ಹೋಗಿ ದಿಂಬಿನ ಮೇಲಿದ್ದುದನ್ನು ಬರಿಗೈಯಲ್ಲಿ ಎತ್ತಿಕೊಂಡಳು. ಈರುಳ್ಳಿ ಸಿಪ್ಪೆಯಷ್ಟೂ ಭಾರವಿರಲಿಲ್ಲ. ಒಂದು ಕಾಲು ಮುರಿದು ದಿಂಬಿನ ಮೇಲೇ ಉಳಿಯಿತು, ಅದನ್ನೂ ಎತ್ತಿಕೊಂಡಳು. ತಲೆ ಎತ್ತಿದಾಗ ಬೀಗರ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಇವಳು ನೋಡಿದ್ದಾಳೆಂದು ಅವರಿಗೆ ಅರ್ಥವಾಯಿತು. ಕೈ ತಾನಾಗಿ ಜೇಬು ಮುಚ್ಚಿಕೊಂಡಿತು. ಅಲ್ಲ ಎನ್ನುವ ಹಾಗಿಲ್ಲ, ಹೌದು ಎಂದರೆ ಬಾಡಿಗೆ ಕಟ್ಟಬೇಕು. ಕಳ್ಳನಿಗೆ ಚೇಳು ಕುಟುಕಿದ ಹಾಗೆ ಬಾಯಿ ಮುಚ್ಚಿಕೊಂಡು ಕೂತರು.

ಮೊದಲು ಚೇತರಿಸಿಕೊಂಡವಳು ಬೀಗಿತ್ತಿ. ಕುರ್ಚಿಯಿಂದ ಇಳಿದು, ಮೂಗಿಗೆ ಬಟ್ಟೆ ಹಿಡಿದು, "ಥೂ! ನಿನ್ನೆ ಅದೇ ಡಬ್ಬಿದು ತಿಂದ್ವಲ್ರೀ!" ಎಂದಳು. ಗಂಡನ ಶೀಸೆಯ ವಿಷಯ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವಳ ಮುಖದಲ್ಲಿದ್ದ ವಾಕರಿಕೆ ನಟನೆಯಾಗಿರಲಿಲ್ಲ.

ಮ್ಯಾನೇಜರ್ ಹಗುರಾದ. ನಗುನಗುತ್ತಲೇ, ಇಲ್ಲಿ ನೂರಾರು ಜನ ಬಂದು ಹೋಗುವುದರಿಂದ ಡಬ್ಬಿಯಮ್ಮನ ಚೀಲವನ್ನು ಹೊರಗೆ ಇಟ್ಟು ಔಷಧಿ ಹೊಡೆಯಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ ಎಂದ. ಚೀಲ ಒಯ್ಯಲು ಬಂದವಳು ಅದೇ ಹೆಂಗಸು. ರಬ್ಬರಿನ ಕೈಗವಸು ತೊಟ್ಟು, ಬಟ್ಟೆಗೆ ತಾಗದ ಹಾಗೆ ತೋಳು ನೀಡಿ ಹಿಡಿದುಕೊಂಡಿದ್ದಳು.

"ನೀವೇ ಒಪ್ಪಿಕೊಂಡ್ರಲ್ಲ, ಅಷ್ಟು ಸಾಕು," ಎಂದಳು ಹೆಂಗಸು. ಬಾಗಿಲು ದಾಟುವಾಗ ತಡೆಯಲಾರದೆ ತಿರುಗಿದಳು. "ಆದ್ರೂ ಮನೆ ಸ್ವಲ್ಪ ಕ್ಲೀನಾಗಿ ಇಟ್ಕೋಬೇಕು ಅಮ್ಮ. ನನಗೂ ಮಕ್ಕಳಿದಾರೆ. ನಿಮ್ಮಿಂದ ನನ್ನ ಅನ್ನ ಹೋಗೋದ್ರಲ್ಲಿತ್ತು."

"ಇಟ್ಕೋತೀನಮ್ಮ," ಎಂದಳು ಡಬ್ಬಿಯಮ್ಮ.

ಮಧ್ಯಾಹ್ನದ ಊಟಕ್ಕೆ ಮತ್ತೆ ಅದೇ ನೆಲಮಾಳಿಗೆಗೆ ಇಳಿದರು. ಬಾಡಿಗೆ ಕೈಯಿಂದ ಹೋಗುವುದು ಖಚಿತವಾದ ಮೇಲೆ ಬೀಗರು ಕೊಟ್ಟ ದುಡ್ಡಿಗೆ ಸರಿಯಾಗಿ ತಿನ್ನುತ್ತಿದ್ದರು. ಡಬ್ಬಿಯಮ್ಮ ಕೂತ ಬದಿಯ ಕುರ್ಚಿಯನ್ನು ಬೀಗಿತ್ತಿ ಖಾಲಿ ಬಿಟ್ಟಿದ್ದಳು. "ಮದುವೆ ಅಡುಗೆ ನಾನೇ ಮಾಡಿಸ್ತೀನಿ ಅಂದಿದ್ರಲ್ಲ, ಅದು ಬೇಡ ಬಿಡಿ. ನಮ್ಮ ಕಡೆಯವರು ಸ್ವಲ್ಪ ನಾಜೂಕು," ಎಂದಳು. ಹುಡುಗ ನಗು ಅಡಗಿಸಲು ನೀರು ಕುಡಿದ. ಪುಟ್ಟಿ ತಲೆ ಎತ್ತಲಿಲ್ಲ.

ಅವಳ ತಟ್ಟೆಯಲ್ಲಿ ಏನೂ ಇರಲಿಲ್ಲ. ಹಸಿದಾಗ ಪುಟ್ಟಿಯ ಮುಖ ಸಣ್ಣದಾಗುತ್ತದೆ, ಚಿಕ್ಕಂದಿನಿಂದಲೂ ಹಾಗೇ. ಅದನ್ನು ನೋಡಿದ್ದೇ ತಡ, ಬೆಳಗಿನ ಹೇಸಿಗೆ ಎಲ್ಲಿ ಹೋಯಿತೋ, ಡಬ್ಬಿಯಮ್ಮ ಬಿಸಿ ಬ್ರೆಡ್ಡಿನ ನಡುವಿನ ಮೆತ್ತನೆಯ ಭಾಗವನ್ನು ಮುರಿದು ಮಗಳ ತಟ್ಟೆಗೆ ಇಟ್ಟಳು.

ಪುಟ್ಟಿ ಅದನ್ನು ನೋಡಿದಳು. ಆಮೇಲೆ ಅಮ್ಮನ ಬೆರಳುಗಳನ್ನು ನೋಡಿದಳು.

"ಕೈ ತೊಳ್ಕೊಂಡ್ಯಾ ಅಮ್ಮ?"

ಬೀಗರು ಫಕ್ಕನೆ ನಕ್ಕರು. ಬಾಯಲ್ಲಿದ್ದದ್ದು ಮೇಜಿನ ಮೇಲೆ ಸಿಡಿಯಿತು.

ಡಬ್ಬಿಯಮ್ಮ ಆಗಲೇ ತೊಳೆದುಕೊಂಡಿದ್ದಳು, ಒಂದಲ್ಲ ಮೂರು ಸಲ. ಆದರೂ ಎದ್ದು ಮೂಲೆಯ ಕಲ್ಲಿನ ಬೋಗುಣಿಯ ಹತ್ತಿರ ಹೋಗಿ ನಲ್ಲಿ ತಿರುಗಿಸಿದಳು. ದಿನಾ ಒಲೆ ಹಚ್ಚುವ ಮುಂಚೆ ಮಾಡುವ ಹಾಗೆ ರವಿಕೆಯ ತೋಳು ಮೇಲೆ ಸರಿಸಿ, ಮೊಣಕೈವರೆಗೂ ಸೋಪು ಹಚ್ಚಿ, ಉಗುರಿನ ಸಂದುಗಳನ್ನು ಉಜ್ಜಿದಳು. ಎದುರಿನ ಕನ್ನಡಿಯಲ್ಲಿ ಅವರ ಮೇಜು ಕಾಣುತ್ತಿತ್ತು. ಪುಟ್ಟಿ ಆ ಬ್ರೆಡ್ಡಿನ ಚೂರನ್ನು ಫೋರ್ಕಿನ ತುದಿಯಿಂದ ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು. ಬಿಳಿ ಟವೆಲ್ಲು ಹಿಡಿದ ಕೆಲಸದವನು ಪಕ್ಕದಲ್ಲಿ ಬಂದು ನಿಂತ. ಡಬ್ಬಿಯಮ್ಮ ಇನ್ನೊಮ್ಮೆ ಸೋಪು ತೆಗೆದುಕೊಂಡಳು.