ಹನ್ನೊಂದನೆಯ ಫೋಟೋ

ಕ್ಯಾಮೆರಾದ ಮೂರು ಕಾಲುಗಳಲ್ಲಿ ಒಂದು ಮತ್ತೆ ಜಾರಿತು, ಫೋಟೋಗ್ರಾಫರ್ ಬಗ್ಗಿ ಅದರ ಕೆಳಗೆ ಚಪ್ಪಟೆ ಕಲ್ಲು ಹುಡುಕಿ ಇಡುತ್ತಿದ್ದಾನೆ, ಇಡಲಿ, ಆದರೆ ಲಗುಬಗೆಯಿಂದ ಇಡಬಾರದೇ, ಲೋಂಡಾ ಸ್ಟೇಷನ್ನಿನ ಹೊರಗಿನ ಈ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತಿದೆ, ಬೆವರು ಆರಿ ಅಂಗಿ ಬೆನ್ನಿಗೆ ಅಂಟಿದೆ. ಎರಡನೆಯ ಸಾಲು, ಎಡದಿಂದ ನಾಲ್ಕನೆಯವನು ನಾನು, ಎಣಿಸಿ ನೋಡಿಕೊಂಡಿದ್ದೇನೆ, ಹೆಂಡತಿ ಶೇವಂತೆವ್ವನಿಗೆ ಬೆರಳಿಟ್ಟು ತೋರಿಸಬೇಕಲ್ಲ. ಸಂಕ್ರಾಂತಿ ಆದ ಮೇಲಿನ ಆದಿತ್ಯವಾರ ಧಾರವಾಡದಿಂದ ಲೋಂಡಾದವರೆಗೆ ನಲವತ್ತು ಮೈಲಿಗೂ ಮಿಕ್ಕಿ ಸೈಕಲ್ ತುಳಿಯುವುದು, ಇಲ್ಲಿ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವುದು, ಸೈಕಲ್ಲುಗಳನ್ನು ಮೂರೂವರೆಯ ಗಾಡಿಗೆ ಏರಿಸಿ ಊರಿಗೆ ಮರಳುವುದು — ಇದು ಹನ್ನೊಂದನೆಯ ವರ್ಷ, ನಮ್ಮ ಸೈಕಲ್ ಮಂಡಳಿಯ ಖೋಲಿಯ ಗೋಡೆಗೆ ಹತ್ತು ಫೋಟೋ ತೂಗುಹಾಕಿದ್ದಾರೆ, ಹತ್ತು ವರ್ಷವೂ ಬಿಡದೆ ತುಳಿದವನು ನಾನು, ಹತ್ತರಲ್ಲಿ ಒಂದರಲ್ಲೂ ನಾನಿಲ್ಲ. ಹೋದ ದೀಪಾವಳಿಗೆ ಹೆಂಡತಿಯನ್ನು ಆ ಖೋಲಿಗೆ ಕರೆದುಕೊಂಡು ಹೋದದ್ದೇ ತಪ್ಪಾಯಿತು, ಒಂದೊಂದರ ಮುಂದೂ ನಿಂತು, ಇದರಾಗ ನೀವೆಲ್ಲಿ ಅದೀರಿ, ಇದರಾಗಿಲ್ಲ, ಮತ್ತ ಇದರಾಗ, ಇದರಾಗೂ ಇಲ್ಲ, ಹತ್ತನೆಯದಕ್ಕೆ ಬರುವಷ್ಟರಲ್ಲಿ ಆಕೆ ಕೇಳುವುದನ್ನೇ ಬಿಟ್ಟಳು, ರಾತ್ರಿ ಸಪ್ತಾಪುರದ ನಮ್ಮ ಬಾಡಿಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತ, ಖರೇ ಹೇಳ್ರಿ, ವರ್ಷಾ ಆ ದಿವಸ ನೀವು ಹೋಗೂದು ಎಲ್ಲಿಗೆ, ಎಂದಳು. ನಗುತ್ತಲೇ ಕೇಳಿದಳು, ನನಗೆ ಮಾತ್ರ ಮೈಯೆಲ್ಲ ಉರಿಯಿತು, ಊಟ ಬಿಟ್ಟು ಎದ್ದೆ.

ಯಾಕಿಲ್ಲ ಎಂದರೆ ನಾನು ಬಾಲ. ಮಂಡಳಿಯವರು ಇಟ್ಟ ಹೆಸರು, ಬೈಗುಳ ಅಲ್ಲವಂತೆ, ಹುದ್ದೆಯಂತೆ. ಕೊರಳಲ್ಲಿ ಸೀಟಿ, ಕ್ಯಾರಿಯರಿಗೆ ಕಟ್ಟಿದ ಚೀಲದಲ್ಲಿ ಪಂಪು, ರಬ್ಬರಿನ ತುಂಡು, ಸೊಲ್ಯೂಷನ್, ನಟ್ಟು ಬಿಚ್ಚುವ ಪಾನಾ — ಇಡೀ ಮಂಡಳಿಗೆ ಇದೊಂದೇ ಚೀಲ, ಉಳಿದವರು ಹಗುರಾಗಿ ಹಾರಬೇಕಲ್ಲ. ಯಾರ ಗಾಲಿ ಪಂಕ್ಚರ್ ಆದರೂ ಸೈಕಲ್ಲನ್ನು ರಸ್ತೆಯ ಪಕ್ಕಕ್ಕೆ ತಲೆಕೆಳಗು ಮಾಡಿ ಕುಳಿತುಬಿಡಬೇಕು, ಮುಂದಿನವರು ನಿಲ್ಲುವಂತಿಲ್ಲ, ಕುಳಿತವರು ಕದಲುವಂತಿಲ್ಲ, ಬಾಲ ಬಂದೇ ಬರುತ್ತಾನೆ, ಬಾಲ ಮಾತ್ರ ಏನೇ ಆದರೂ ಯಾರನ್ನೂ ದಾಟಿ ಮುಂದೆ ಹೋಗುವಂತಿಲ್ಲ. ಮೊದಲ ವರ್ಷ ಕೈ ಚುರುಕಾಗಿದೆ ಎಂದು ನನಗೇ ಕೊಟ್ಟರು, ನಾನೂ ಹಿಗ್ಗಿ ಹೀರೆಕಾಯಿಯಾದೆ, ಹತ್ತು ವರ್ಷ ಅದೇ ಹಿಗ್ಗಿಗೆ ದಂಡ ತೆತ್ತಿದ್ದೇನೆ. ಈ ರಸ್ತೆಯಲ್ಲಿ ನಾನು ಕಂಡದ್ದು ಏನು, ಬೆನ್ನು, ಬರೀ ಬೆನ್ನು, ಒದ್ದೆ ಅಂಗಿಯ ಬೆನ್ನು, ಕೋಟಿನ ಬೆನ್ನು, ಅರಿವೆ ಅಂಗಡಿಯ ಅರ್ಜುನಪ್ಪನ ಎರಡು ಸೈಕಲ್ಲಿಗಾಗುವಷ್ಟು ಬೆನ್ನು, ಕೊನೆಯವನನ್ನು ತಳ್ಳಿಕೊಂಡು ನಾನಿಲ್ಲಿಗೆ ಮುಟ್ಟುವಾಗ ಫೋಟೋ ಮುಗಿದು ಎಲ್ಲರೂ ಬಾಳೆಹಣ್ಣು ಸುಲಿಯುತ್ತಿರುತ್ತಾರೆ, ಬರ್ರಿ ನೀಲಪ್ಪ, ನಿಮ್ಮ ದಾರೀನೇ ಕಾಯಾಕತ್ತಿದ್ವಿ. ಕಾಯ್ದಿದ್ದರೆ ಫೋಟೋಕ್ಕೇ ಕಾಯಬಹುದಿತ್ತಲ್ಲ! ಈ ವರ್ಷ ಸೋಮಪ್ಪ ಬಾಲ, ನೀವು ಮುಂದ, ನಿಶಾನಿ ಬಾವುಟ ನಿಮ್ಮ ಕೈಯಾಗ, ಎಂದು ಸೆಕ್ರೆಟರಿ ತ್ರ್ಯಂಬಕರಾಯರು ತಿಂಗಳ ಹಿಂದೆಯೇ ಮಾತು ಕೊಟ್ಟಿದ್ದರು, ವಕೀಲರ ಮಾತು, ಇವತ್ತು ನಸುಕಿನ ಐದು ಗಂಟೆಗೆ ಕೆಲಗೇರಿ ಕೆರೆಯ ದಂಡೆಯಲ್ಲಿ ಸೇರಿದಾಗ ಸೋಮಪ್ಪನಿಗೆ ಜ್ವರವಂತೆ, ಹೇಳಿ ಕಳಿಸಿದ್ದಾನಂತೆ, ಇದೊಂದ್ ಸಲ ನೀಲಪ್ಪ, ನೀವಿದ್ರ ನಮಗ ಚಿಂತಿ ಇಲ್ಲ ನೋಡ್ರಿ — ಅನ್ನುತ್ತಲೇ ಸೀಟಿಯನ್ನು ತಾವೇ ನನ್ನ ಕೊರಳಿಗೆ ಹಾಕಿದರು. ಹತ್ತು ಮಂದಿಯ ಮುಂದೆ ಒಲ್ಲೆ ಎನ್ನಲು ನನಗೆ ಎಂದಾದರೂ ಬಾಯಿ ಬಂದಿದೆಯೇ.

ಎಲ್ಲಾರೂ ಸ್ವಲ್ಪ ಒತ್ತಿ ನಿಂದರ್ರಿ, ಎಂದ ಫೋಟೋಗ್ರಾಫರ್, ಒತ್ತಿದೆವು, ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕುಳಿತ ತ್ರ್ಯಂಬಕರಾಯರು ಹೊರಳಿ, ಮಾಸ್ತರ್ರು ಇನ್ನೂ ಬರಲಿಲ್ಲಲ್ಲ ನೀಲಪ್ಪ, ಎಂದರು. ಇಲ್ಲೇ ಹಿಂದ ಅದಾರ್ರಿ, ಬರಾಕತ್ತಾರ. ಇದು ಎರಡನೆಯ ಸಲ ಹೇಳುತ್ತಿರುವುದು, ಮೊದಲಿಗಿಂತ ಸಲೀಸಾಗಿ ಬಂತು. ಮಾಸ್ತರರೆಂದರೆ ಹೊಳೆಯಪ್ಪ ಮಾಸ್ತರರು, ವಯಸ್ಸು ಅರವತ್ತೆರಡು, ಈ ವರ್ಷವೇ ಮಂಡಳಿ ಸೇರಿದವರು, ಇಪ್ಪತ್ತಾರು ವರ್ಷ ಮುಗದದ ಕಡೆಯ ಕನ್ನಡ ಶಾಲೆಗಳಲ್ಲಿ ಕಲಿಸಿದವರು — ಇವತ್ತು ನನಗೆ ಸಿಕ್ಕ ಬೆನ್ನು. ಒಮ್ಮೆಯೂ ಹೊರಳಿ ನೋಡುವುದಿಲ್ಲ, ನಾನು ಹಿಂದೆ ಇದ್ದೇ ಇರುತ್ತೇನೆ ಎಂದು ರಸ್ತೆಯ ಕಡೆ ಮುಖ ಮಾಡಿಯೇ ಮಾತಾಡುತ್ತಾರೆ, ನೀಲಪ್ಪಾ, ಈ ಹುಣಸಿ ಗಿಡ ಐತೆಲ್ಲಾ, ಇದರ ಬುಡಕ್ಕ ಒಂದ್ ಸಲ ಇನ್‌ಸ್ಪೆಕ್ಟರ್ ಸಾಹೇಬ್ರು ಕುದುರಿ ಮ್ಯಾಲಿಂದ ಬಿದ್ರು ನೋಡು, ನಾ ನಗಲಿಲ್ಲ ತಮ್ಮಾ, ನನ್ನ ಸಾಲಿ ಹುಡುಗ್ರು ನಕ್ಕುಬಿಟ್ರು. ಅಜ್ಜನ ಕೂಡ ಸಂತೆಗೆ ಹೊರಟ ಹಾಗೆ ಸವಾರಿ. ಮುಗದ ಮುಟ್ಟಿದ್ದೇ ತಡ, ಬೇಲಿಯಾಚೆಯಿಂದ ಒಬ್ಬ ಓಡಿ ಬಂದ, ಗುರುಗಳ, ನಮಸ್ಕಾರ್ರೀ, ಯಾರಪಾ ನೀ, ದ್ಯಾಮಣ್ಣನ ಮಗಾ ಹೌದಿಲ್ಲೋ, ಹದಿಮೂರರ ಮಗ್ಗಿ ಈಗರ ಬರ್ತೈತೇನು, ಆ ನಲವತ್ತು ವರ್ಷದ ಗಂಡಸು ನಾಚಿ ನೆಲ ನೋಡಿದ, ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮಜ್ಜಿಗೆ ಚರಿಗೆ, ಶೇಂಗಾ, ಬೆಲ್ಲ, ಕಟ್ಟೆಯ ಮೇಲೆ ಕಂಬಳಿ ಹಾಸಿದರು, ನಾನು ಸೀಟಿ ಹಿಡಿದು ನಿಂತೇ ಇದ್ದೆ, ನೀನೂ ಕುಂಡ್ರೊ ನೀಲಪ್ಪಾ, ಹೊತ್ತೇನು ಓಡಿ ಹೋಗ್ತೈತೇನು. ಹೋಗುತ್ತದೆ ಮಾಸ್ತರ್ರ, ಹೋಗುತ್ತದೆ, ಹತ್ತು ವರ್ಷದಿಂದ ಹೋಗುತ್ತಲೇ ಇದೆ, ಎನ್ನಬೇಕೆನಿಸಿತು, ಮಜ್ಜಿಗೆ ಕುಡಿದೆ. ಮುಂದೆ ಎರಡು ಹಳ್ಳಿಗಳಲ್ಲೂ ಇದೇ ಕಥೆ.

ಅಳ್ನಾವರದ ಚಹಾ ಅಂಗಡಿ ಮುಟ್ಟುವಾಗ ಉಳಿದವರು ಹೋಗಿ ಒಂದು ತಾಸಾಗಿತ್ತು, ಅಂಗಡಿಯವನೇ ಹೇಳಿದ. ನನ್ನ ಸೈಕಲ್ಲಿನ ಸರಪಳಿ ಕಳಚಿತ್ತು, ಕೂರಿಸುತ್ತಿದ್ದೆ, ಮಾಸ್ತರರು ಟೊಪ್ಪಿಗೆ ಸರಿಮಾಡಿಕೊಂಡು, ನಾ ಸಾವಕಾಶ ಹೊಂಟಿರ್ತೇನಿ, ನೀ ಹಿಂದಿಂದ ಬಾ ತಮ್ಮಾ, ಎಂದು ಹೊರಟರು, ಬೆನ್ನು ಸಣ್ಣದಾಗುತ್ತ ತಿರುವಿನಲ್ಲಿ ಮರೆಯಾಯಿತು. ಅಲ್ಲಿ ರಸ್ತೆ ದೊಡ್ಡದೊಂದು ಸುತ್ತು ಹಾಕುತ್ತದೆ, ರೈಲು ಹಳಿಯ ಮಗ್ಗುಲಿಗೆ ಬಂಡಿ ಹಾದಿಯೊಂದಿದೆ, ಅದನ್ನು ಹಿಡಿದರೆ ಎರಡು ಮೈಲಿ ಉಳಿಯುತ್ತದೆ, ಹತ್ತು ವರ್ಷವೂ ಅದರ ಬಾಯಿಯ ಮುಂದೆ ಹಾದುಹೋಗಿದ್ದೇನೆ, ಒಮ್ಮೆಯೂ ಇಳಿದಿರಲಿಲ್ಲ. ಇಳಿದೆ. ಯಾಕೆ ಇಳಿದೆ ಎಂದು ಯಾರಾದರೂ ಕೇಳಿದರೆ ಹೇಳಲು ಉತ್ತರ ಇದೆ, ಶೇವಂತೆವ್ವ ನಕ್ಕಳು, ಅಷ್ಟೇ, ಅದಕ್ಕೇ ಇಳಿದೆ. ಹಾದಿಯ ತುದಿಯಲ್ಲಿ ಮತ್ತೆ ರಸ್ತೆ ಹತ್ತಿದಾಗ ಹಿಂದೆ ತಿರುಗಿ ನೋಡಿದೆ, ಮಾಸ್ತರರು ಇನ್ನೂ ಸುತ್ತಿನಲ್ಲೇ ಇದ್ದಾರೆ, ಕಾಣಲಿಲ್ಲ, ಮುಂದೆ ತಿರುಗಿದೆ, ಅಲ್ಲೂ ಯಾರೂ ಇಲ್ಲ, ಬೆನ್ನೇ ಇಲ್ಲ! ಖಾಲಿ ರಸ್ತೆ, ಎರಡೂ ಕಡೆ ಸಾಗವಾನಿ, ಮೈಮೇಲೆ ಗಾಳಿ, ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡೆ, ತುಳಿದೆ, ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟೆ, ನಗು ತಾನಾಗಿ ಬಂತು, ಹನ್ನೊಂದು ವರ್ಷದಲ್ಲಿ ಆ ಒಂದು ತಾಸು ನಾನು ಸೈಕಲ್ ತುಳಿದದ್ದು, ಉಳಿದದ್ದೆಲ್ಲ ದನ ಕಾಯ್ದದ್ದು. ಒಂದೇ ರಸ್ತೆ, ದಾರಿ ತಪ್ಪುವ ಭಯವಿಲ್ಲ, ಅರ್ಧ ತಾಸು ತಡವಾಗಿ ಬರುತ್ತಾರೆ, ಬಂದು ಬಾಳೆಹಣ್ಣು ಸುಲಿಯುತ್ತಾರೆ, ಒಂದು ವರ್ಷ ಅವರು ಫೋಟೋದಲ್ಲಿ ಇಲ್ಲದಿದ್ದರೆ ಯಾರ ಗಂಟು ಹೋಯಿತು. ನಾನಿಲ್ಲಿಗೆ ಬಂದಾಗ ತ್ರ್ಯಂಬಕರಾಯರೇ ಬೆನ್ನು ತಟ್ಟಿದರು, ಏನ್ರಿ ನೀಲಪ್ಪ, ಈ ಸಲ ಹೊತ್ತಿಗೆ ಸರಿಯಾಗಿ ಬಂದ್ರಲ್ಲ, ಮಾಸ್ತರ್ರೆಲ್ಲಿ, ಎಂದರು, ಇಲ್ಲೇ ಹಿಂದ ಅದಾರ್ರಿ, ಎಂದೆ. ಹಾಗೆ ಹೇಳುವಾಗ ಅದು ಸುಳ್ಳೂ ಆಗಿರಲಿಲ್ಲ, ಹಿಂದೆಯೇ ಇದ್ದರಲ್ಲ.

ಕ್ಯಾಮೆರಾ ನೆಟ್ಟಗೆ ನಿಂತಿತು, ಒಂದ ಪ್ಲೇಟ್ ಉಳದೈತ್ರಿ, ಯಾರರ ಅಲುಗಾಡಿದ್ರ ನಾ ಜವಾಬ್ದಾರ ಅಲ್ಲ, ಎನ್ನುತ್ತ ಕರಿ ಬಟ್ಟೆಯೊಳಗೆ ತಲೆ ತೂರಿಸಿದ. ಹದಿನೈದು ನಿಮಿಷದ ಹಿಂದೆ ನಳದ ಹತ್ತಿರ ಮುಖ ತೊಳೆಯುತ್ತಿದ್ದೆ, ಉಳ್ಳಾಗಡ್ಡಿ ಹೇರಿದ ಲಾರಿಯೊಂದು ಬಂದು ನಿಂತಿತು, ಗೋವಾ ನಮ್ಮದಾದಾಗಿನಿಂದ ಈ ರಸ್ತೆಗೆ ಲಾರಿಗಳದ್ದೇ ಕಾಟ, ಡ್ರೈವರ್ ಇಳಿದು ನನ್ನ ಪಕ್ಕದಲ್ಲೇ ನೀರು ಹಿಡಿದ, ಸಾಲು ಸೈಕಲ್ ನೋಡಿ, ಅಲ್ಲಿ ಅಡವ್ಯಾಗ ಮೋರಿ ಕಟ್ಟಿ ಮ್ಯಾಲ ಅಜ್ಜಾರೊಬ್ರು ಕುಂತಾರ, ಅವರೂ ನಿಮ್ಮ ಪೈಕೀನೇ ಏನ್ರಿ, ಎಂದ, ಸೈಕಲ್ ತಲಿಕೆಳಗ ಮಾಡಿ ನಿಂದರಿಸ್ಯಾರ, ಹಣಿಗೆ ಕೈ ಹಿಡಕೊಂಡು ಅಳ್ನಾವರದ ಕಡೆ ನೋಡಾಕತ್ತಾರ, ಲಾರಿ ಹತ್ರಿ ಬಿಡ್ತೇನಿ ಅಂದ್ರ ಒಲ್ಲೆ ಅಂದ್ರು, ನಮ್ಮ ನೀಲಪ್ಪ ಹಿಂದ ಅದಾನ, ನಾ ಹ್ವಾದ್ರ ಅಂವ ನನ್ನ ಹುಡುಕ್ಕೋತ ಕುಂಡ್ರತಾನ ಪಾಪ, ಅಂದ್ರು. ಪಾಪ ಅಂದರಂತೆ. ನಾನೇನು ಹೇಳಿದೆ, ಹೂಂ, ನಮ್ಮವರೇ, ಅಂದೆ, ಮುಖ ಒರೆಸಿಕೊಂಡೆ, ಬಂದು ಎಡದಿಂದ ನಾಲ್ಕನೆಯವನಾಗಿ ನಿಂತೆ. ಹತ್ತಿ ಬರಬಾರದಿತ್ತೇ ಆ ಲಾರಿಯನ್ನು, ಹಟಮಾರಿ ಮುದುಕ, ಯಾರು ಹೇಳಿದರು ಇವರಿಗೆ ನನ್ನನ್ನು ಅಷ್ಟು ನಂಬಲು, ಬೆಳಗಿನಿಂದ ಒಮ್ಮೆ ಹೊರಳಿ ನೋಡಿದ್ದರೆ ನನ್ನ ಮುಖವಾದರೂ ಕಾಣುತ್ತಿತ್ತು, ಆಗ ನಂಬುತ್ತಿರಲಿಲ್ಲ. ಆ ಮೋರಿ ನನಗೆ ಗೊತ್ತು, ಇಲ್ಲಿಂದ ಎಂಟು ಮೈಲಿ, ಹೋಗಲು ಒಂದು ತಾಸು, ಪಂಕ್ಚರ್ ಹಾಕಲು ಕಾಲು ತಾಸು, ಅವರನ್ನು ಕರೆದುಕೊಂಡು ಬರಲು ಎರಡು, ಗಾಡಿ ತಪ್ಪುತ್ತದೆ, ಫೋಟೋವಂತೂ ತಪ್ಪಿದ್ದೇ, ಮೊದಲು ಫೋಟೋ ಆಗಲಿ, ಐದು ನಿಮಿಷ, ಆಮೇಲೆ ಹೇಳುತ್ತೇನೆ ತ್ರ್ಯಂಬಕರಾಯರಿಗೆ, ಏನೆಂದು ಹೇಳುವುದು, ಬಾಲ ಮುಂದೆ ಬಂದಿತೆಂದೇ. ಬೇರೆ ಲಾರಿ ಬರುತ್ತದೆ, ಯಾರಾದರೂ ಶಿಷ್ಯ ಬರುತ್ತಾನೆ, ಅವರಿಗೇನು, ಎಲ್ಲಿ ಹೋದರೂ ಒಬ್ಬ ಓಡಿ ಬರುತ್ತಾನೆ — ಅಳ್ನಾವರದ ಈಚೆ ಅವರು ಕಲಿಸಿಯೇ ಇಲ್ಲ, ಈಚೆ ಬರೀ ಅಡವಿ, ಕುಡಿಯಲು ನೀರೂ ಇಲ್ಲ, ಪಂಪು ಇಲ್ಲಿ ನನ್ನ ಚೀಲದಲ್ಲಿದೆ, ಅವರು ಅಲ್ಲಿ ಹಣೆಗೆ ಅಂಗೈ ಹಿಡಿದು ಕುಳಿತಿದ್ದಾರೆ, ಪಕ್ಕದಲ್ಲಿ ಗಾಲಿ ಮೇಲಾಗಿ ಸೈಕಲ್. ಒಂದು ಹೆಜ್ಜೆ ಸಾಲಿನಿಂದ ಹೊರಗಿಟ್ಟರೆ ಸಾಕು, ಕಾಲು ಏಳುತ್ತಿಲ್ಲ, ನಾಚಿಕೆಯೋ ಆಸೆಯೋ ತಿಳಿಯದು, ಎರಡೂ ಇರಬೇಕು, ನನ್ನ ಮೇಲೆ ನನಗೇ ಹೇಸಿಗೆ ಬರುತ್ತಿದೆ, ಆದರೂ ಟೊಪ್ಪಿಗೆ ನೆಟ್ಟಗಿದೆಯೇ ಎಂದು ಮುಟ್ಟಿ ನೋಡಿಕೊಂಡೆ. ಉಸಿರು ಬಿಗಿ ಹಿಡೀರಿ, ಎಂದಿತು ಕರಿ ಬಟ್ಟೆಯೊಳಗಿನ ದನಿ, ಹಿಡಿದೆ. ಈ ಕಡೆ ನೋಡ್ರಿ ಎಲ್ಲಾರೂ, ಈ ಕಡೆ, ಕಣ್ಣು ಪಿಳುಕಿಸಬ್ಯಾಡ್ರಿ — ಗಾಲಿ ಮೇಲಾದ ಸೈಕಲ್, ಹಣೆಗೆ ಅಂಗೈ — ಒಂದು, ಎರಡು — ನಾನು ಈ ಕಡೆ ನೋಡುತ್ತಿದ್ದೇನೆ, ಮಾಸ್ತರರು ಆ ಕಡೆ ನೋಡುತ್ತಿದ್ದಾರೆ, ಹಣೆಗೆ ಅಂಗೈ ಅಡ್ಡ ಹಿಡಿದು, ನಾನು ಬರುವ ದಾರಿಯನ್ನು