ಲಾಗ್ ಆಫ್ ಆಗುವ ತನಕ

"ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ. ನಾನಿಲ್ಲಿ ಇಲ್ಲವೇ ಇಲ್ಲ ಅಂದ್ಕೊಳ್ಳಿ," ಎಂದಳು ಕಂಪ್ಯೂಟರ್ ರಿಪೇರಿಗೆ ಬಂದವಳು.

ಹಾಗಂದುಕೊಳ್ಳುವುದು ಟೈಪಿಸ್ಟ್ ಅಕ್ಕನಿಗೆ ಆಗಲಿಲ್ಲ. ರಿಪೇರಿಯವಳು ಬೆನ್ನ ಹಿಂದೆಯೇ ಇದ್ದಳು, ಅವಳ ಪಕ್ಕದಲ್ಲಿ ಮೇಲ್ವಿಚಾರಕರು ಕೈಕಟ್ಟಿ ನಿಂತಿದ್ದರು, ಬಾಗಿಲ ಬಳಿ ಮಧ್ಯಾಹ್ನದ ಪಾಳಿಯವನು. ಆಸ್ಪತ್ರೆಯ ಎಕ್ಸ್-ರೇ ವಿಭಾಗದ ಈ ಪುಟ್ಟ ಕೋಣೆಯಲ್ಲಿ ಡಾಕ್ಟರು ಹೇಳಿದ್ದನ್ನು ರಿಪೋರ್ಟ್ ಆಗಿ ಟೈಪ್ ಮಾಡುವುದಕ್ಕೆ ಇದ್ದದ್ದು ಒಂದೇ ಕಂಪ್ಯೂಟರ್. ಬೆಳಿಗ್ಗೆ ಅಕ್ಕನದು, ಎರಡು ಗಂಟೆಯಿಂದ ಅವನದು. ಅವನ ಬೆರಳುಗಳ ಓಟ ನೋಡಿ ಎಲ್ಲರೂ ಅವನನ್ನು ಎಕ್ಸ್‌ಪ್ರೆಸ್ ಎಂದೇ ಕರೆಯುತ್ತಿದ್ದರು.

ಮೂರು ತಿಂಗಳಿಂದ, ಅಕ್ಕ ಲಾಗ್ ಆಫ್ ಮಾಡಿ ಹೊರಟರೆ ಸಾಕು, ಕಂಪ್ಯೂಟರ್ ಮಕಾಡೆ ಮಲಗುತ್ತಿತ್ತು. ನೀಲಿ ಪರದೆ, ಅದರ ಮೇಲೆ ಯಾರಿಗೂ ಅರ್ಥವಾಗದ ನಾಲ್ಕು ಸಾಲು. ಮತ್ತೆ ಎದ್ದು ಕೂರಲು ಮುಕ್ಕಾಲು ಗಂಟೆ. ಅಷ್ಟರಲ್ಲಿ ಹೊರಗೆ ಮುರಿದ ಕೈ ಹಿಡಿದುಕೊಂಡು ಕೂತವರು ರೇಗುತ್ತಿದ್ದರು. ರಾತ್ರಿ ಎಕ್ಸ್‌ಪ್ರೆಸ್ ಲಾಗ್ ಆಫ್ ಮಾಡಿದರೆ ಏನೂ ಆಗುತ್ತಿರಲಿಲ್ಲ. ಹಾಗಾಗಿ ಗೂಬೆಯನ್ನು ಅಕ್ಕನ ಮೇಲೇ ಕೂರಿಸಿದರು. ವಯಸ್ಸಾಯಿತು, ಏನೇನೋ ಒತ್ತುತ್ತಾರೆ ಎಂದು ಮೇಲ್ವಿಚಾರಕರು ಮೊದಲು ಬೆನ್ನ ಹಿಂದೆ ಹೇಳಿದರು, ಆಮೇಲೆ ಎದುರಿಗೇ ಹೇಳಿದರು. ಇವತ್ತು ಅಕ್ಕನದೇ ತಪ್ಪು ಎಂದಾದರೆ ಬರುವ ಸೋಮವಾರದಿಂದ ಅವರು ನೆಲಮಾಳಿಗೆಯ ಹಳೇ ಫೈಲುಗಳ ಕೋಣೆಗೆ ಹೋಗಬೇಕು.

ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಎರಡು ವರ್ಷ ಧೂಳು ಕುಡಿಯುತ್ತ ಕೂರುವುದನ್ನು ನೆನೆದರೆ ಅಕ್ಕನಿಗೆ ಅಳು ಬರುತ್ತಿತ್ತು. ಡಾಕ್ಟರು ಅರ್ಧ ನುಂಗಿದ ಮಾತನ್ನೂ ಬಿಡದೆ ಹಿಡಿದು ಟೈಪ್ ಮಾಡುತ್ತಿದ್ದವರು ಅವರು. ಬೇರೆ ಕೆಲಸ ಅವರಿಗೆ ಬೇಕಿರಲಿಲ್ಲ.

ಅಕ್ಕ ಲಾಗ್ ಆಫ್ ಒತ್ತಿದರು. ಕೀಲಿಮಣೆಯನ್ನು ಬಟ್ಟೆಯಿಂದ ಒರೆಸಿ ಎದ್ದು ನಿಂತರು. "ಇಷ್ಟೇ. ಇಲ್ಲಿಂದ ಬಸ್ಸಿಗೆ ಓಡ್ತೀನಿ."

"ಆಮೇಲೆ ಏನಾಗುತ್ತೆ ಅಂತ ಯಾವತ್ತೂ ನೋಡಿಲ್ವಾ?"

"ಎರಡೂ ಹತ್ತರ ಬಸ್ ಬಿಟ್ರೆ ಇನ್ನೊಂದು ಇರೋದು ನಾಲ್ಕಕ್ಕೆ."

ಎಕ್ಸ್‌ಪ್ರೆಸ್ ಬಂದು ಕುರ್ಚಿಯಲ್ಲಿ ಕೂತ. ಪರದೆಯ ಮೇಲೆ ಸಣ್ಣ ಚಕ್ರವೊಂದು ಸುತ್ತುತ್ತಿತ್ತು. ಅವನು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡಿದ. ಐದು ನಿಮಿಷವಾಯಿತು. ಮೇಲ್ವಿಚಾರಕರು ಆಕಳಿಸಿದರು. ಒಂಬತ್ತನೆಯ ನಿಮಿಷಕ್ಕೆ ಚಕ್ರ ಮಾಯವಾಗಿ, ಯಾವ ತಕರಾರೂ ಇಲ್ಲದೆ ಮುಂದಿನವರ ಹೆಸರು ಕೇಳುವ ಪರದೆ ಬಂತು.

"ನೋಡಿದ್ರಾ, ಡಾಕ್ಟರ ಮುಂದೆ ಹಲ್ಲುನೋವು ನಾಪತ್ತೆ," ಎಂದರು ಮೇಲ್ವಿಚಾರಕರು.

ರಿಪೇರಿಯವಳು ನಗಲಿಲ್ಲ. ಎಕ್ಸ್‌ಪ್ರೆಸ್‌ನನ್ನು ಎಬ್ಬಿಸಿ ತಾನು ಕೂತಳು. ಕಂಪ್ಯೂಟರ್ ತಾನು ಎದ್ದದ್ದು ಬಿದ್ದದ್ದನ್ನೆಲ್ಲ ಒಳಗೆಲ್ಲೋ ಬರೆದಿಟ್ಟುಕೊಂಡಿರುತ್ತದೆ. ಅದನ್ನು ತೆರೆದು ಬಹಳ ಹೊತ್ತು ಓದಿದಳು.

"ಇದು ತಾನಾಗಿ ಬಿದ್ದಿಲ್ಲ ಸಾರ್. ಅಕ್ಕನ ಡೆಸ್ಕ್‌ಟಾಪ್ ಮೇಲೆ ಹನ್ನೊಂದು ಸಾವಿರ ರಿಪೋರ್ಟ್ ಇದೆ. ಲಾಗ್ ಆಫ್ ಮಾಡಿದಾಗ ಅಷ್ಟನ್ನೂ ಒಂದೊಂದಾಗಿ ತಾಳೆ ನೋಡಿ, ಆಸ್ಪತ್ರೆಯ ಮುಖ್ಯ ಕಂಪ್ಯೂಟರಿಗೆ ಒಪ್ಪಿಸುತ್ತೆ. ಅದಕ್ಕೇ ಒಂಬತ್ತು ನಿಮಿಷ. ಅದು ಮುಗಿಯೋ ಮೊದಲೇ, ಎರಡು ಗಂಟೆ ಮೂರು ನಿಮಿಷಕ್ಕೋ ನಾಲ್ಕು ನಿಮಿಷಕ್ಕೋ, ಯಾರೋ ಪವರ್ ಬಟನ್ ಒತ್ತಿ ಹಿಡಿದು ಆರಿಸಿದಾರೆ. ಹಾಗೆ ಆರಿಸಿ ಆರಿಸಿ ಒಳಗೆಲ್ಲ ಕೆಟ್ಟಿದೆ."

"ಹನ್ನೊಂದು ಸಾವಿರ ಯಾಕ್ರೀ?" ಮೇಲ್ವಿಚಾರಕರು ಅಕ್ಕನ ಕಡೆ ತಿರುಗಿದರು.

"ಒಂದ್ಸಲ ಎಲ್ಲಾ ಅಳಿಸಿಹೋಗಿತ್ತಲ್ಲ ಸಾರ್. ರಿಪೋರ್ಟ್ ಇಲ್ಲ ಅಂತ ಒಬ್ರು ಅಜ್ಜಿಯ ಆಪರೇಷನ್ ಮುಂದಕ್ಕೆ ಹಾಕಿದ್ರು. ಪಾಪ, ಆ ಅಜ್ಜಿ ಮೂರು ದಿನ ಇಲ್ಲೇ ಬಂದು ಕೂತಿದ್ರು. ಅವತ್ತಿಂದ ಎಲ್ಲರದೂ ಒಂದೊಂದು ಪ್ರತಿ ಇಟ್ಕೊಂಡೆ." ಅಕ್ಕನ ದನಿ ಸಣ್ಣದಾಯಿತು. "ಅಂದ್ರೆ ನಂದೇ ತಪ್ಪು."

"ಮೂರು ತಿಂಗಳಿಂದ ನಾನು ಅದನ್ನೇ ತಾನೇ ಹೇಳ್ತಿರೋದು," ಎಂದು ಮೇಲ್ವಿಚಾರಕರು ಜೇಬಿನಿಂದ ಪೆನ್ನು ತೆಗೆದರು.

"ಬಟನ್ ಒತ್ತಿದ್ದು ನಾನು ಸಾರ್," ಎಂದ ಎಕ್ಸ್‌ಪ್ರೆಸ್. "ಹೊರಗೆ ಜನ ಕಾಯ್ತಿರ್ತಾರೆ. ಚಕ್ರ ಸುತ್ತುತ್ತಾನೇ ಇತ್ತು. ಕೆಟ್ಟುನಿಂತಿದೆ ಅಂದ್ಕೊಂಡೆ."

ಅಕ್ಕನಿಗೆ ಮೊದಲು ಆದದ್ದು ನೆಮ್ಮದಿ. ಬೆನ್ನ ಮೇಲಿನ ಮೂಟೆ ಇಳಿದಂತಾಯಿತು. "ಕಾದ್ರೆ ಮುಗಿಯುತ್ತೆ ಅಂತ ಪಾಪ ನಿನಗಾದ್ರೂ ಹೇಗೆ ಗೊತ್ತಾಗ್ಬೇಕು," ಎಂದರು.

"ಹೋದ ಗುರುವಾರ ಗೊತ್ತಾಯ್ತು ಅಕ್ಕ. ಫೋನ್ ಬಂತು ಅಂತ ಹೊರಗೆ ಹೋಗಿದ್ದೆ. ವಾಪಸ್ ಬಂದ್ರೆ ತಾನಾಗೇ ಮುಗಿದಿತ್ತು."

"ಮತ್ತೆ ಶುಕ್ರವಾರ ಬಿತ್ತಲ್ಲೋ? ನಿನ್ನೇನೂ ಬಿತ್ತಲ್ಲ?"

"ಒತ್ತಿದೆ. ಒತ್ತೋದು ನಿಲ್ಲಿಸಿದ್ರೆ ಇಷ್ಟು ದಿನ ಕೆಡಿಸಿದ್ದು ನಾನೇ ಅಂತ ಗೊತ್ತಾಗ್ತಿತ್ತು. ನಂದು ಗುತ್ತಿಗೆ ಕೆಲಸ."

ಅವಸರದಲ್ಲಿ ಒತ್ತಿದ ಮೂರು ತಿಂಗಳನ್ನು ಅಕ್ಕ ಹೊಟ್ಟೆಗೆ ಹಾಕಿಕೊಳ್ಳಬಲ್ಲವರಾಗಿದ್ದರು. ತಿಳಿದೂ ಒತ್ತಿದ ನಾಲ್ಕು ದಿನ ಗಂಟಲಲ್ಲೇ ಸಿಕ್ಕಿಕೊಂಡಿತು. ಶನಿವಾರ ಇವನಿಗೇ ಅವರು ಹೇಳಿದ್ದರು, "ನನ್ನನ್ನ ಕೆಳಗೆ ಹಾಕಿದ್ರೆ ಆಗಾಗ ಬಂದು ಮಾತಾಡಿಸ್ತಿರಪ್ಪ" ಎಂದು. ಇವನು ಹೂಂ ಅಂದಿದ್ದ.

"ಹಾಗಾದ್ರೆ ನಿನ್ನ ಗುತ್ತಿಗೆ ಈ ತಿಂಗಳಿಗೆ ಮುಗೀತು," ಎಂದರು ಮೇಲ್ವಿಚಾರಕರು.

ಅಕ್ಕ ಸುಮ್ಮನಿದ್ದರೆ ಸಾಕಿತ್ತು, ಕುರ್ಚಿ ಉಳಿದಿತ್ತು. ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರು ಕೂಡ.

"ಇವನು ಹೋದ್ರೆ ಮಧ್ಯಾಹ್ನದ ರಿಪೋರ್ಟ್ ಯಾರು ಟೈಪ್ ಮಾಡ್ತಾರೆ ಸಾರ್, ನೀವಾ?" ಎಂದರು ಆಮೇಲೆ. ಮೇಲ್ವಿಚಾರಕರು ಒಂದೇ ಬೆರಳಿನಲ್ಲಿ ಟೈಪ್ ಮಾಡುವುದು ಇಡೀ ಆಸ್ಪತ್ರೆಗೆ ಗೊತ್ತಿತ್ತು. "ಕಾಯೋ ಹಾಗೆ ಮಾಡಿದ್ದು ನಾನು, ಕಾಯದೇ ಇದ್ದಿದ್ದು ಇವನು. ಮೂರು ತಿಂಗಳು ನನಗೆ ಬೈದ್ರಲ್ಲ, ಅದರಲ್ಲಿ ಅರ್ಧ ಇವನಿಗೆ ಕೊಟ್ಬಿಡಿ. ಅಲ್ಲಿಗೆ ಮುಗೀತು."

ರಿಪೇರಿಯವಳು ಈಗ ನಕ್ಕಳು. ಮೇಲ್ವಿಚಾರಕರು ಏನೋ ಗೊಣಗಿ ಪೆನ್ನನ್ನು ಜೇಬಿಗೆ ಸೇರಿಸಿದರು. ರಿಪೋರ್ಟುಗಳನ್ನೆಲ್ಲ ಬೇರೆ ಕಡೆ ಸಾಗಿಸಲು ಮುಂದಿನ ವಾರ ಬರುತ್ತೇನೆ, ಅಲ್ಲಿಯವರೆಗೆ ಚಕ್ರ ನಿಲ್ಲುವ ತನಕ ಯಾರೂ ಬಟನ್ ಮುಟ್ಟಬೇಡಿ ಎಂದು ಹೇಳಿ ಅವಳು ಹೊರಟಳು.

"ಅಕ್ಕ..." ಎಂದ ಎಕ್ಸ್‌ಪ್ರೆಸ್, ಇಬ್ಬರೇ ಉಳಿದಾಗ.

"ನನ್ನ ಬಸ್ ತಪ್ಪಿತು," ಎಂದು ಅಕ್ಕ ಹೊರಟೇಬಿಟ್ಟರು. ದಿನಾ ಹೇಳುತ್ತಿದ್ದ "ಬರ್ತೀನಪ್ಪ" ಅವರ ಬಾಯಿಂದ ಬರಲಿಲ್ಲ.

ಮರುದಿನ ಅಕ್ಕ ಎರಡಕ್ಕೆ ಹತ್ತು ನಿಮಿಷ ಇರುವಾಗಲೇ ಲಾಗ್ ಆಫ್ ಒತ್ತಿದರು. ಚಕ್ರ ಸುತ್ತತೊಡಗಿತು. ಎಕ್ಸ್‌ಪ್ರೆಸ್ ಆಗಲೇ ಬಂದಿದ್ದ, ಒಳಗೆ ಬಾರದೆ ಬಾಗಿಲಿಗೆ ಒರಗಿ ನಿಂತಿದ್ದ. ಅಕ್ಕ ಅವನ ಕಡೆ ನೋಡಲಿಲ್ಲ. ಎರಡು ನಿಮಿಷ ಹಾಗೇ ಕಳೆಯಿತು. ಆಮೇಲೆ ಅವರು, ಪರದೆಯಿಂದ ಕಣ್ಣು ತೆಗೆಯದೆಯೇ, ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಬ್ಯಾಗನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.