ಮುಳ್ಳುಮರದ ಸುತ್ತ ನಾಲ್ಕು ಗೂಟ

ಟಕ್.

ಸ್ವಲ್ಪ ತಡೆದು ಇನ್ನೊಮ್ಮೆ, ಟಕ್. ಮರಕ್ಕೆ ಮರ ತಾಗಿದ ಸದ್ದು. ಅಕ್ಕಪಕ್ಕದವರ ನಿದ್ದೆ ಕೆಡಬಾರದೆಂದು ಯಾರೋ ಕೈ ಹಿಡಿದು ಬಡಿಯುತ್ತಿರುವ ಹಾಗಿತ್ತು.

ನಾನು ಎಚ್ಚರವಾಗಿಯೇ ಇದ್ದೆ. ನಮ್ಮ ಮನೆ ರಾತ್ರಿ ಹೊತ್ತು ಮಾಡುವ ಸದ್ದುಗಳೆಲ್ಲ ನನಗೆ ಗೊತ್ತು. ಫ್ರಿಜ್ಜು ನಡುಗಿ ಸುಮ್ಮನಾಗುತ್ತದೆ, ಮೆಟ್ಟಿಲ ಹಲಗೆ ತಾನಾಗಿಯೇ ಲಟಕ್ಕೆನ್ನುತ್ತದೆ. ಇದು ಅಂಥದ್ದಲ್ಲ. ಹೊರಗಿನಿಂದ, ಮುಳ್ಳುಮರದ ಕಡೆಯಿಂದ ಬರುತ್ತಿತ್ತು. ಆ ಮರದ ಸುತ್ತ ನಾಲ್ಕು ಗೂಟಗಳಿದ್ದವು. ಬೆಳಗಾಗುವವರೆಗೆ ಅವನ್ನು ಯಾರೂ ಮುಟ್ಟಬಾರದೆಂದು ಮಾತಾಗಿತ್ತು.

ಅದು ೧೯೭೧ರ ಸೆಪ್ಟೆಂಬರ್. ನಾವು ಅಮೆರಿಕದ ಡಿಯರ್‌ಬಾರ್ನ್‌ನಲ್ಲಿ ಮನೆ ಕೊಂಡು ಒಂದು ವರ್ಷವಾಗಿತ್ತು. ನನ್ನ ಗಂಡ ಪದ್ಮನಾಭ ಕಾರ್ ಕಂಪನಿಯೊಂದರಲ್ಲಿ ಬ್ರೇಕುಗಳನ್ನು ಪರೀಕ್ಷೆ ಮಾಡುವ ಎಂಜಿನಿಯರ್. ಮನೆಗೆ ಗ್ಯಾರೇಜು ಇರಲಿಲ್ಲ. ಹಿಂದಿನ ಫೆಬ್ರವರಿಯಲ್ಲಿ, ನನಗೆ ಐದು ತಿಂಗಳಾಗಿದ್ದಾಗ, ಕಾರಿನಿಂದಿಳಿದು ಬಾಗಿಲಿಗೆ ನಡೆಯುವಷ್ಟರಲ್ಲಿ ಐಸಿನ ಮೇಲೆ ಕಾಲು ಜಾರಿ ಬಿದ್ದೆ. ಮಗು ಉಳಿಯಲಿಲ್ಲ. ಆಮೇಲೆ ಪದ್ಮನಾಭ ಆ ವಿಷಯ ಎತ್ತಲೇ ಇಲ್ಲ. ಗ್ಯಾರೇಜಿನ ನಕ್ಷೆ ಬರೆಯತೊಡಗಿದರು.

ಈಗ ನನಗೆ ಮತ್ತೆ ನಾಲ್ಕನೇ ತಿಂಗಳು. ನಾವಿಬ್ಬರೂ ಹೊರಗಿನ ಯಾರಿಗೂ ಹೇಳಿರಲಿಲ್ಲ. ಹಿಮ ಬೀಳುವ ಮೊದಲು ಗ್ಯಾರೇಜು ಎದ್ದು ನಿಲ್ಲಬೇಕು, ನಾನು ಕಾರಿನಿಂದ ನೇರ ಮನೆಯೊಳಗೆ ಕಾಲಿಡಬೇಕು ಎಂಬುದು ಅವರ ಹಟ. ಅದರ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತಿತ್ತು. ಆದರೆ ನಕ್ಷೆಯಲ್ಲಿ ಗ್ಯಾರೇಜು ಕೂತಿದ್ದ ಜಾಗದಲ್ಲಿ ನೆಲದ ಮೇಲೆ ಒಂದು ಗುಂಡನೆಯ ದಿಬ್ಬವಿತ್ತು. ದಿಬ್ಬದ ಮೇಲೆ ಒಂಟಿಯಾಗಿ ಒಂದು ಮುಳ್ಳುಮರ. ಮೇ ತಿಂಗಳಲ್ಲಿ ಮೈತುಂಬ ಬಿಳಿ ಹೂ ಬಿಡುತ್ತಿತ್ತು, ಈಗ ಕೆಂಪು ಹಣ್ಣು ಹಿಡಿದಿತ್ತು.

ಪಕ್ಕದ ಮನೆಯ ಮಿಸೆಸ್ ಟಿಯರ್ನಿ ಆ ಮರಕ್ಕೆ ಕೊಡಲಿ ಹಾಕಬೇಡಿ ಎಂದರು.

ಆಕೆ ಐರ್ಲೆಂಡಿನವರು, ವಿಧವೆ. ಚರ್ಚಿನ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸಿ ನಿವೃತ್ತರಾಗಿದ್ದರು. ಬಿಳಿ ಕೂದಲು, ನೆಟ್ಟಗಿನ ಬೆನ್ನು, ತಪ್ಪು ಉತ್ತರ ಕೇಳಿದರೆ ಈಗಲೂ ಕಿರಿದಾಗುವ ಕಣ್ಣು. ಬೇಲಿಯ ಆಚೆ ನಿಂತು ಅವರು ತಮ್ಮ ಊರಿನ ಮಾತು ಹೇಳಿದ್ದರು. ಹೊಲಗಳ ನಡುವೆ ದೊಡ್ಡ ಮಣ್ಣಿನ ಬಳೆಯಂಥ ಒಂದು ದಿಬ್ಬವಂತೆ. ಯಾವ ಕಾಲದ್ದೋ, ಯಾರು ಕಟ್ಟಿದ್ದೋ, ಜನ ಅದನ್ನು ಕೋಟೆ ಅನ್ನುತ್ತಾರಂತೆ. ಒಳಗೊಂದು ಮುಳ್ಳುಮರ. ಅಲ್ಲಿ ಯಾರೂ ನೇಗಿಲು ಹೂಡುವುದಿಲ್ಲ, ಒಲೆಗೆಂದು ಒಂದು ಕಡ್ಡಿಯನ್ನೂ ಮುರಿಯುವುದಿಲ್ಲ. ಅದು ‘ಅವರ’ ಜಾಗ.

“ಸರ್ಕಾರದವರು ಅದರ ಮೇಲೆ ರಸ್ತೆ ತೆಗೆಯೋಕೆ ಬಂದರು,” ಎಂದರು ಮಿಸೆಸ್ ಟಿಯರ್ನಿ. “ನಮ್ಮಪ್ಪ ಕೂಲಿಗೆ ಹೋಗಿದ್ದ. ಮನೆ ತುಂಬ ಮಕ್ಕಳು ನಾವು. ಆದರೂ ಸಲಿಕೆ ಕೆಳಗಿಟ್ಟುಬಿಟ್ಟ. ಅವನನ್ನ ನೋಡಿ ಉಳಿದವರೂ ಇಟ್ಟರು. ಎಂಜಿನಿಯರ್ ಬೈದ, ಹೆದರಿಸಿದ, ಕೊನೆಗೆ ರಸ್ತೆಯನ್ನೇ ಬಗ್ಗಿಸಿದ. ಇವತ್ತಿಗೂ ಬಸ್ಸು ಅಲ್ಲಿ ನಿಧಾನ ಮಾಡುತ್ತೆ, ಹುಡುಗಿ.”

‘ಅವರು’ ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಹೆಸರು ಹೇಳದಿರುವುದು ನನಗೆ ಹೊಸದಲ್ಲ. ಮೈಸೂರಿನಲ್ಲಿ ನಮ್ಮಜ್ಜಿ ಕತ್ತಲಾದ ಮೇಲೆ ಹಾವನ್ನು ಹಾವು ಅನ್ನಲು ಬಿಡುತ್ತಿರಲಿಲ್ಲ, ‘ಹುಳ’ ಅನ್ನಬೇಕಿತ್ತು. ಚಾಮರಾಜಪುರದ ನಮ್ಮ ಬೀದಿಯೂ ಒಂದು ನಾಗರಕಲ್ಲಿನ ಕಟ್ಟೆಯನ್ನು ಬಳಸಿಕೊಂಡು ಹೋಗುತ್ತಿತ್ತು. ಮುನಿಸಿಪಾಲಿಟಿಯವರು ಎರಡು ಸಲ ಟಾರು ಹಾಕಿದರೂ ಅದನ್ನು ನೆಟ್ಟಗೆ ಮಾಡುವ ಗೋಜಿಗೆ ಹೋಗಿರಲಿಲ್ಲ. ಅದನ್ನು ಹೇಳಿದೆ.

“ನೋಡಿದೆಯಾ? ನಿಮ್ಮ ಎಂಜಿನಿಯರ್‌ಗೂ ಬುದ್ಧಿ ಇತ್ತು,” ಎಂದು ಆಕೆ ನಮ್ಮ ಮನೆಯ ಎಂಜಿನಿಯರ್ ಕಡೆ ನೋಡಿದರು.

ಪದ್ಮನಾಭ ನಕ್ಕರು. ಆ ದಿಬ್ಬ ಮನೆಯ ಬೇಸ್‌ಮೆಂಟ್ ಅಗೆದಾಗ ಸುರಿದ ಮಣ್ಣು ಎಂಬುದು ಅವರ ವಾದ. ಇರಬಹುದು ಎಂದರು ಮಿಸೆಸ್ ಟಿಯರ್ನಿ. ಅದಕ್ಕಿಂತ ಹಳೆಯದೂ ಇರಬಹುದು, ಇಲ್ಲಿ ನಮಗಿಂತ ಮುಂಚೆ ಬೇರೆ ಜನ ಇದ್ದರು, ಅವರಿಗೂ ‘ಅವರು’ ಇದ್ದಿರಬೇಕು ಎಂದರು.

“ಲೆಕ್ಕದ ಮೇಡಂ ಹೀಗಂದ್ರೆ ಹೇಗೆ? ಪ್ರೂಫ್ ಬೇಡವಾ?” ಎಂದು ಪದ್ಮನಾಭ ಕೆಣಕಿದರು.

“ಬೇಕು,” ಎಂದರು ಆಕೆ. “ಅದಕ್ಕೇ ನಮ್ಮಲ್ಲಿ ಕೇಳಿ ಕಟ್ಟುತ್ತಾರೆ.”

ಮನೆಯೋ ಕೊಟ್ಟಿಗೆಯೋ ಕಟ್ಟುವ ಜಾಗದಲ್ಲಿ ನಾಲ್ಕು ಮೂಲೆಗೆ ನಾಲ್ಕು ಗೂಟ ಹೊಡೆದು ಒಂದು ರಾತ್ರಿ ಬಿಡುತ್ತಾರಂತೆ. ಬೆಳಿಗ್ಗೆ ನಾಲ್ಕೂ ನಿಂತಿದ್ದರೆ ‘ಅವರು’ ಒಪ್ಪಿದರು ಎಂದು ಅರ್ಥ. ಒಂದು ಬಿದ್ದಿದ್ದರೂ ಜಾಗ ಬದಲಾಯಿಸಬೇಕು. ದೇವರ ಮುಂದೆ ಕೂತು ಹೂವಿನ ಪ್ರಸಾದ ಕೇಳುವ ನಮ್ಮ ಪದ್ಧತಿ ನನಗೆ ನೆನಪಾಯಿತು. ಪದ್ಮನಾಭರಿಗೆ ಇದು ಬಹಳ ಹಿಡಿಸಿತು.

“ಟೆಸ್ಟ್ ಅಂದ್ರೆ ಟೆಸ್ಟ್. ಬಿದ್ದರೆ ನಾನು ಜಾಗ ಬದಲಾಯಿಸ್ತೀನಿ. ನಿಂತರೆ?”

“ನಿಂತರೆ ನನ್ನ ಸಲಿಕೆ ತಂದು ಮೊದಲ ಮಣ್ಣು ನಾನೇ ಎತ್ತುತ್ತೇನೆ.”

ಮಣ್ಣು ಅಗೆಯುವ ಯಂತ್ರದವನಿಗೆ ಶನಿವಾರ ಬರಲು ಹೇಳಿಯಾಗಿತ್ತು. ಶುಕ್ರವಾರ ಸಂಜೆ ಇಬ್ಬರೂ ಸೇರಿ ಗೂಟ ಹೊಡೆದರು. ನಾನು ಅಡಿಗೆಮನೆಯಿಂದ ನೋಡುತ್ತ, ಒಂದಾದರೂ ಬೀಳಲಿ ಎಂದು ಬೇಡಿಕೊಂಡೆ. ನನಗೆ ದೆವ್ವ ಭೂತಗಳಲ್ಲಿ ನಂಬಿಕೆ ಇತ್ತೆಂದಲ್ಲ. ಒಂದು ಮಗು ಕಳೆದುಕೊಂಡವಳಿಗೆ ನಂಬಿಕೆಯ ಪ್ರಶ್ನೆ ದೂರದ್ದು. ಯಾರದೋ ಜಾಗ ಅಗೆದು, ಆಮೇಲೆ ಏನಾದರೂ ಆದರೆ, ಉಳಿದ ಆಯುಷ್ಯವೆಲ್ಲ ನಾನು ಆ ಅಗೆದ ಮಣ್ಣನ್ನೇ ನೋಡಿಕೊಂಡು ಬದುಕಬೇಕು. ಅಷ್ಟೇ ನನಗೆ ತಿಳಿದಿದ್ದು.

ಈಗ ಈ ಸದ್ದು. ಕಿಟಕಿಯ ಪರದೆ ಸರಿಸಿದೆ.

ದಿಬ್ಬದ ಹತ್ತಿರ ಟಾರ್ಚು ಉರಿಯುತ್ತಿತ್ತು. ಮಿಸೆಸ್ ಟಿಯರ್ನಿ ರಾತ್ರಿಯ ಉಡುಪಿನ ಮೇಲೆ ಗಂಡನ ಹಳೆಯ ಕೋಟು ಹಾಕಿಕೊಂಡು ಹುಲ್ಲಿನಲ್ಲಿ ಮಂಡಿಯೂರಿದ್ದರು. ಕೈಯಲ್ಲಿ ಮರದ ಕೊಡತಿ. ಗೂಟ ಕೀಳುತ್ತಿದ್ದಾರೆ ಎಂದುಕೊಂಡೆ. ನಾಚಿಕೆ ಬಿಟ್ಟು ಹೇಳಬೇಕೆಂದರೆ, ನನಗೆ ಖುಷಿಯಾಯಿತು.

ಸೀರೆಯ ಮೇಲೆ ಕೋಟು ಎಳೆದುಕೊಂಡು ಮೆಟ್ಟಿಲಿಳಿದು ಹೋದೆ. ಹತ್ತಿರ ಹೋದಾಗ ಗೊತ್ತಾಯಿತು, ಆಕೆ ಗೂಟ ಕೀಳುತ್ತಿರಲಿಲ್ಲ. ನೆಡುತ್ತಿದ್ದರು.

“ರಕೂನ್,” ಎಂದರು, ತಲೆಯೆತ್ತದೆ. ಕಸದ ಡಬ್ಬಿ ಉರುಳಿಸುವ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದಂತಿರುವ ಆ ಪ್ರಾಣಿ ನಮ್ಮ ಬೀದಿಯ ಕಳ್ಳ. “ನಾನು ಕಿಟಕಿಯಲ್ಲೇ ಕೂತಿದ್ದೆ. ಹಣ್ಣಿಗೆ ಬಂದ. ಗೂಟಕ್ಕೆ ಮೈ ಉಜ್ಜಿದ, ಅದು ವಾಲಿತು, ಕಿತ್ತು ಉರುಳಿಸಿ ಹೋದ. ಕಣ್ಣಾರೆ ನೋಡಿದೆ.”

“ಬಿದ್ದಿತ್ತಲ್ಲ, ಹಾಗೇ ಬಿಡಿ,” ಎಂದೆ.

“ಅವರು ಕೆಡವಿದ್ದಲ್ಲ. ರಕೂನ್ ಕೆಡವಿದ್ದು.”

“ಪದ್ಮನಾಭರಿಗೆ ಅದು ಗೊತ್ತಾಗೋದಿಲ್ಲ. ಬೆಳಿಗ್ಗೆ ನೋಡ್ತಾರೆ, ಕೊಟ್ಟ ಮಾತಿಗೆ ತಪ್ಪೋರಲ್ಲ, ಜಾಗ ಬದಲಾಯಿಸ್ತಾರೆ. ನಿಮಗೆ ಬೇಕಾಗಿದ್ದೂ ಅದೇ ಅಲ್ವಾ?”

“ಬೇಕಾಗಿದ್ದು ಅದೇ.” ಟಕ್ ಎಂದು ಇನ್ನೊಂದು ಏಟು ಹಾಕಿದರು.

ನಾನು ಅವರ ತೋಳು ಹಿಡಿದೆ. ಯಾರಿಗೂ ಹೇಳದ ಮಾತು ಬಾಯಿಗೆ ಬಂತು. “ಮಿಸೆಸ್ ಟಿಯರ್ನಿ, ನಾನು ಬಸುರಿ.”

“ಗೊತ್ತು. ಒದ್ದೆ ಬಟ್ಟೆಯ ಬುಟ್ಟಿ ಎತ್ತುವುದು ಬಿಟ್ಟಾಗಲೇ ಗೊತ್ತಾಯಿತು.” ಈಗ ಆಕೆ ನನ್ನ ಮುಖ ನೋಡಿದರು. ಟಾರ್ಚಿನ ಬೆಳಕಿನಲ್ಲಿ ಆ ಕಣ್ಣು ಒದ್ದೆಯಾಗಿತ್ತು. ನನಗಾಗಿ ಆಕೆಯೂ ಹೆದರಿದ್ದರು. ಬಹುಶಃ ನನಗಿಂತ ಹೆಚ್ಚು, ಏಕೆಂದರೆ ಆಕೆ ನಿಜವಾಗಿ ನಂಬಿದವರು. “ಅದಕ್ಕೇ ಹುಡುಗಿ, ಅದಕ್ಕೇ. ಅವರನ್ನು ಕೇಳಿ, ಆಮೇಲೆ ಉತ್ತರ ನಾವೇ ಬರೆದುಕೊಂಡರೆ ಅದು ಮರ ಕಡಿಯುವುದಕ್ಕಿಂತ ಕೆಟ್ಟದ್ದು. ನಿನ್ನ ಮಗು ಅಂಥ ಸುಳ್ಳಿನ ನೆರಳಲ್ಲಿ ಹುಟ್ಟಬೇಕಾ?”

ನಾನು ಅವರ ತೋಳು ಬಿಟ್ಟೆ. ಆಕೆ ಗೂಟವನ್ನು ಅಲುಗಿಸಿ ನೋಡಿದರು, ಗಟ್ಟಿಯಾಗಿತ್ತು. ನನ್ನ ಭುಜ ಹಿಡಿದುಕೊಂಡು ಎದ್ದರು. “ಹೋಗು, ಮಲಗು. ಇನ್ನೂ ಅರ್ಧ ರಾತ್ರಿ ಇದೆ. ಅವರು ಮನಸ್ಸು ಮಾಡಿದರೆ ಸಾಕಷ್ಟು ಸಮಯ.”

ಅವರು ಮನಸ್ಸು ಮಾಡಲಿಲ್ಲ. ಬೆಳಿಗ್ಗೆ ನಾಲ್ಕೂ ಗೂಟ ಪರೇಡಿಗೆ ನಿಂತ ಸಿಪಾಯಿಗಳ ಹಾಗೆ ನಿಂತಿದ್ದವು. ಪದ್ಮನಾಭ ಕಾಫಿ ಲೋಟ ಹಿಡಿದು ಕಿಟಕಿಯಲ್ಲಿ ನಿಂತಿದ್ದರು, ಚಪ್ಪಾಳೆ ತಟ್ಟುವುದೊಂದೇ ಬಾಕಿ.

“ನೋಡೇ ನಿರು! ನಿಮ್ಮ ಮೇಡಂ ಅವರ ಪಾರ್ಟಿನೇ ನನಗೆ ಓಟು ಹಾಕಿದೆ.”

“ರೀ,” ಎಂದೆ. “ರಾತ್ರಿ ಒಂದು ಬಿದ್ದಿತ್ತು.”

ಎಲ್ಲ ಹೇಳಿದೆ. ರಕೂನ್ ಎಂದಾಗ ಅವರು ನಕ್ಕರು. ಕೊಡತಿ ಎಂದಾಗ ನಗು ನಿಂತಿತು.

“ಮೇಡಂ ಅವರೇ ವಾಪಸ್ ಹೊಡೆದರಾ?”

“ಹೂಂ.”

“ನೀನು ಬೇಡ ಅಂದ್ಯಾ?”

“ಕೈ ಹಿಡಿದು ಬೇಡಿಕೊಂಡೆ. ಬಸುರಿ ಅಂತಲೂ ಹೇಳಿದೆ.”

ಪದ್ಮನಾಭ ಲೋಟ ಮೇಜಿನ ಮೇಲಿಟ್ಟು ಕೂತರು. ಆಮೇಲೆ, ನನಗಲ್ಲ, ಲೋಟಕ್ಕೆ ಹೇಳುವ ಹಾಗೆ ಹೇಳಿದರು. “ನಮಗೆ ಬೇಡದ ರೀಡಿಂಗ್ ಬಂದ್ರೆ ಮಷೀನ್ ಸರಿ ಇದೆಯಾ ಅಂತ ಎಲ್ಲರೂ ಬಿಚ್ಚಿ ನೋಡ್ತಾರೆ. ಬೇಕಾದ ರೀಡಿಂಗ್ ಬಂದಾಗ ಬಿಚ್ಚಿ ನೋಡಿದೋರನ್ನ ನಾನು ಇದುವರೆಗೂ ಕಂಡಿಲ್ಲ. ನಾನೂ ನೋಡ್ತಿರಲಿಲ್ಲ. ರಕೂನ್ ನನ್ನ ಕಡೆ ಇದ್ದಿದ್ರೆ, ಸುಮ್ಮನೆ ಹೋಗಿ ಮಲಗಿರ್ತಿದ್ದೆ.”

ಎದ್ದು ಯಂತ್ರದವನಿಗೆ ಫೋನು ಮಾಡಿ ಇವತ್ತು ಬರಬೇಡ ಎಂದರು.

ಅಷ್ಟರಲ್ಲಿ ಹಿಂಬಾಗಿಲು ತಟ್ಟಿದ ಸದ್ದು. ಮಿಸೆಸ್ ಟಿಯರ್ನಿ, ಚರ್ಚಿಗೆ ಹಾಕುವ ಕಪ್ಪು ಬೂಟು, ಹೆಗಲ ಮೇಲೆ ಸಲಿಕೆ. ಮುಖ ಬಿಳುಚಿತ್ತು. “ನಿಂತಿವೆ,” ಎಂದರು. “ಮಾತೆಂದರೆ ಮಾತು. ಎಲ್ಲಿಂದ ಶುರು ಮಾಡಲಿ, ಹೇಳಿ.”

ಆ ಸಲಿಕೆಯನ್ನು ಪದ್ಮನಾಭ ಎರಡೂ ಕೈಯಲ್ಲಿ ತೆಗೆದುಕೊಂಡು ಗೋಡೆಗೊರಗಿಸಿದರು. ತಮ್ಮ ತಾಯಿಯ ಕೈಯಿಂದ ಏನನ್ನಾದರೂ ತೆಗೆದುಕೊಳ್ಳುವಾಗ ಮಾತ್ರ ನಾನು ಅವರನ್ನು ಹಾಗೆ ನೋಡಿದ್ದೆ.

“ಗ್ಯಾರೇಜು ಅಡಿಗೆಮನೆ ಕಡೆಗೆ ಬರುತ್ತೆ ಮಿಸೆಸ್ ಟಿಯರ್ನಿ. ಕಾಂಕ್ರೀಟ್ ದಾರಿ ಹೊಸದಾಗಿ ಹಾಕಬೇಕು, ಇವಳ ಮೆಂತ್ಯದ ಸೊಪ್ಪಿನ ಪಾತಿ ಹೋಗುತ್ತೆ. ಆದರೂ ಹಿಮ ಬೀಳೋಕೆ ಮುಂಚೆ ಆಗುತ್ತೆ.”

“ಆದರೆ ಅವರು ಒಪ್ಪಿದ್ದಾರೆ,” ಎಂದರು ಆಕೆ. ಕಣ್ಣು ಕಿರಿದಾಯಿತು.

“ಅವರು ಒಪ್ಪಿದರು. ನಾನು ಒಪ್ಪಲಿಲ್ಲ.”

ಆಕೆ ನನ್ನತ್ತ ತಿರುಗಿದರು. ನಾನು ಒಲೆಯ ಮೇಲಿನ ಹಾಲು ನೋಡುವವಳಂತೆ ನಟಿಸಿದೆ. “ಹುಡುಗಿ ರಾತ್ರಿ ವಿಷಯ ಹೇಳಿದಳೇನು?”

“ರಾತ್ರಿ ಏನಾಯಿತು?” ಎಂದರು ಪದ್ಮನಾಭ. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲರು ಎಂದು ಮದುವೆಯಾಗಿ ಆರು ವರ್ಷವಾದರೂ ನನಗೆ ತಿಳಿದಿರಲಿಲ್ಲ.

ಮಿಸೆಸ್ ಟಿಯರ್ನಿ ಕುರ್ಚಿ ಎಳೆದುಕೊಂಡು ಕುಸಿದ ಹಾಗೆ ಕೂತರು. ನಾನು ಕಾಫಿ ಕೊಟ್ಟೆ. ನಮ್ಮ ಕಾಫಿಗೆ ಸಕ್ಕರೆ ಜಾಸ್ತಿ ಎಂದು ಯಾವಾಗಲೂ ಬೈಯುವವರು ಅಂದು ಲೋಟ ತಳ ಕಾಣುವವರೆಗೂ ಕುಡಿದರು. ನನಗೂ ಅಂದು, ಎಷ್ಟೋ ದಿನಗಳ ಮೇಲೆ, ಹಸಿವಾಯಿತು. ಅವರೆದುರು ಕೂತೇ ತಿಂಡಿ ತಿಂದೆ.

ಆಕೆ ಹೋದ ಮೇಲೆ ಫೋನು ಬಂತು. ಶೇಷಗಿರಿ, ಪದ್ಮನಾಭರ ಜೊತೆ ಒಂದೇ ಕಾರಿನಲ್ಲಿ ಆಫೀಸಿಗೆ ಹೋಗುವ ಸ್ನೇಹಿತರು. ಗೂಟದ ಕಥೆ ಹಿಂದಿನ ದಿನವೇ ಅವರಿಗೂ ಹೆಂಡತಿ ಸರಳಾಗೂ ತಲುಪಿತ್ತು. ಅವರ ದನಿ ಎಷ್ಟು ಗಟ್ಟಿಯೆಂದರೆ ದೂರ ನಿಂತಿದ್ದ ನನಗೂ ಕೇಳುತ್ತಿತ್ತು.

“ಏನಯ್ಯಾ, ಗೂಟ ಇದೆಯೋ, ಐರಿಷ್ ದೆವ್ವ ಕಿತ್ಕೊಂಡು ಹೋಯ್ತೋ? ಇಲ್ಲಿ ಸರಳಾ ಕೂಡ ಕಾಯ್ತಾ ಇದಾಳೆ.”

ಇಂಥ ಕಥೆ ಸಿಕ್ಕರೆ ಪದ್ಮನಾಭ ಬಿಡುವವರಲ್ಲ. ರಕೂನ್ ಹೇಗೆ ಬಂತು, ಮುದುಕಿ ಹೇಗೆ ಮಂಡಿಯೂರಿದಳು ಎಂದು ಅಭಿನಯಿಸಿ ಒಂದು ಇಡೀ ಪಾರ್ಟಿಯನ್ನು ನಗಿಸಬಲ್ಲರು. ಈಗ ಫೋನು ಕಿವಿಗೆ ಹಿಡಿದು ಕಿಟಕಿಯಾಚೆ ನೋಡುತ್ತಿದ್ದರು.

“ಜಾಗ ಬದಲಾಯಿಸಿದೆ ಕಣೋ. ಆ ಕಡೆ ಬಿಸಿಲು ಚೆನ್ನಾಗಿ ಬೀಳತ್ತೆ, ಐಸ್ ಬೇಗ ಕರಗತ್ತೆ.”

“ಅದು ಸರಿ, ರಾತ್ರಿ ಏನಾಯ್ತು ಹೇಳು!”

“ರಾತ್ರಿ ನಾನು ನಿದ್ದೆ ಮಾಡ್ತಿದ್ದೆ,” ಎಂದು ಫೋನು ಇಟ್ಟರು.

ಆಮೇಲೆ ನನ್ನ ಕಡೆ ತಿರುಗಿದರು. “ಇವನಿಗೂ ಬೇಡ, ಸರಳಾಗೂ ಬೇಡ, ಊರಿಗೆ ಬರೆಯೋ ಕಾಗದದಲ್ಲೂ ಬೇಡ. ಹೇಳಿದ್ರೆ ಜನ ನಗ್ತಾರೆ ನಿರು. ಆ ನಗು ಮೇಡಂ ಅವರಿಗೆ ಸಲ್ಲೋದಲ್ಲ.”

“ಇಲ್ಲ, ಯಾರಿಗೂ ಹೇಳೋದಿಲ್ಲ,” ಎಂದೆ.